ಸೋಮವಾರದ ರಾಹುಕಾಲ

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ, ರಾತ್ರಿ ಹೊತ್ತು ಬಾಗಿಲು ಬಡಿಯುವ ದೆವ್ವವೊಂದರ ಸುದ್ದಿ ಹಬ್ಬಿತ್ತು. ಮನೆಯವರದ್ದೇ ದನಿಯಲ್ಲಿ ಕರೆಯುತ್ತದಂತೆ, ಬಾಗಿಲು ತೆಗೆದರೆ ಕಥೆ ಮುಗಿಯಿತಂತೆ. ಜನ ಮಂತ್ರವಾದಿಯನ್ನು ಹುಡುಕಿಕೊಂಡು ಹೋಗಲಿಲ್ಲ. ಸೀಮೆಸುಣ್ಣದಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ನೆಮ್ಮದಿಯಾಗಿ ಮಲಗಿದರು. ದೆವ್ವ ಬಂದು, ಓದಿಕೊಂಡು, ಆಗಲಿ ಎಂದು ಹಿಂದಿರುಗುತ್ತಿತ್ತು. ಮರುದಿನ ಬಂದು ಮತ್ತೆ ಅದನ್ನೇ ಓದುತ್ತಿತ್ತು. ಮೂಢನಂಬಿಕೆ ಎಂದು ನಕ್ಕವರೇ ಹೆಚ್ಚು. ನನಗೆ ಮಾತ್ರ ಆ ದೆವ್ವದ ಮೇಲೆ ವಿಶೇಷ ಅಕ್ಕರೆ. ಓದು ಬರಹ ಬಲ್ಲದ್ದು, ಕನ್ನಡ ಗೊತ್ತಿದ್ದದ್ದು, ಬಂದ ಕೆಲಸವನ್ನು ಬಿಟ್ಟು ಹೋಗಲು ಸಣ್ಣದೊಂದು ನೆಪ ಸಿಕ್ಕರೆ ಸಾಕು ಎನ್ನುವಂಥದ್ದು. ಬದುಕಿದ್ದಾಗ ನನ್ನ ಹಾಗೆ ಎಲ್ಲೋ ಕಾಲೇಜು ಮೇಷ್ಟರಾಗಿದ್ದಿರಬೇಕು.

ನನ್ನ ಬಾಗಿಲಲ್ಲಿ ನಿಂತಿರುವ ದೆವ್ವಗಳು ಎರಡು. ಒಂದು, ಹಿರಿಯ ವಿದ್ವಾಂಸರೊಬ್ಬರ ಅಭಿನಂದನ ಗ್ರಂಥಕ್ಕೆ ನಾನು ಬರೆದುಕೊಡಬೇಕಾದ ಲೇಖನ. ಇನ್ನೊಂದು, ಡಾಕ್ಟರು ಬರೆದುಕೊಟ್ಟಿರುವ ವಾಕಿಂಗು. ಮೂರು ತಿಂಗಳ ಸರಾಸರಿ ಹೇಳುವ ಸಕ್ಕರೆ ಪರೀಕ್ಷೆಯಲ್ಲಿ ನನಗೆ 6.3 ಬಂದಿದೆ. “6.5 ಆದರೆ ಕಾಯಿಲೆ ಅಂತಲೇ ಲೆಕ್ಕ. ನೀವು ಗಡಿಯಲ್ಲಿದ್ದೀರಿ” ಎಂದರು ಡಾಕ್ಟರು. ಗಡಿಯ ವಿಷಯದಲ್ಲಿ ಕನ್ನಡಿಗರಾದ ನಾವು ಅವಸರಪಡುವವರಲ್ಲ. ಮಹಾಜನ್ ವರದಿ ಬಂದದ್ದು 1967ರಲ್ಲಿ. ಇನ್ನೂ ಹಾಗೇ ಇದೆ.

ವಿಶ್ವ ಆರೋಗ್ಯ ಸಂಸ್ಥೆಯವರು ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ವ್ಯಾಯಾಮ ಬೇಕು ಅನ್ನುತ್ತಾರೆ. ಲೋಪ ಇರುವುದು ಆ ‘ವಾರಕ್ಕೆ’ಯಲ್ಲಿ. ದಿನಕ್ಕೆ ಇಪ್ಪತ್ತೊಂದು-ಇಪ್ಪತ್ತೆರಡು ನಿಮಿಷ ಅಂದುಬಿಟ್ಟಿದ್ದರೆ ನುಸುಳಿಕೊಳ್ಳಲು ಸಂದಿ ಇರುತ್ತಿರಲಿಲ್ಲ. ವಾರಕ್ಕೆ ಅಂದಮೇಲೆ, ಭಾನುವಾರ ಎಲ್ಲ ಒಟ್ಟಿಗೆ ನಡೆದರಾಯಿತಲ್ಲ! ಭಾನುವಾರ ಬಂದಾಗ, ಎರಡೂವರೆ ಗಂಟೆ ಒಂದೇ ಸಮ ನಡೆಯುವುದಕ್ಕೆ ನಾನೇನು ದಂಡಿ ಸತ್ಯಾಗ್ರಹಿಯೇ ಅನ್ನಿಸುತ್ತದೆ. ಸೋಮವಾರದಿಂದ ಶಿಸ್ತಾಗಿ ಶುರು ಮಾಡೋಣ ಎಂದರೆ, ಅಡುಗೆಮನೆ ಬಾಗಿಲ ಪಕ್ಕ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರು ತೂಗುತ್ತಿರುತ್ತದೆ. ಸೋಮವಾರ ರಾಹುಕಾಲ ಏಳೂವರೆಯಿಂದ ಒಂಬತ್ತು. ನಾನು ದೇವರು ದಿಂಡರು ಎಂದು ಅಷ್ಟಾಗಿ ಹಚ್ಚಿಕೊಂಡವನಲ್ಲ. ಆದರೆ ಸೋಮವಾರ ಬೆಳಗ್ಗೆ ಏಳೂವರೆಗೆ ನನ್ನಷ್ಟು ಆಸ್ತಿಕ ಇಡೀ ಮೈಸೂರಿನಲ್ಲಿ ಸಿಗುವುದಿಲ್ಲ.

“ಏಳೂವರೆಗೆ ಮುಂಚೇನೇ ಹೋಗಿಬನ್ನಿ” ಅನ್ನುತ್ತಾಳೆ ಹೆಂಡತಿ. ಹೋಗಬಹುದು. ಆದರೆ ತಿಂಗಳೂ ಕೂಡಿಬರಬೇಕಲ್ಲ? ಶಿವರಾತ್ರಿಯವರೆಗೆ ಚಳಿ. ಅದು ಹೋಗುತ್ತಿದ್ದಂತೆ ಯುಗಾದಿ, ಒಬ್ಬಟ್ಟು. ಒಬ್ಬಟ್ಟು ಅರಗುವಷ್ಟರಲ್ಲಿ ರಸಪುರಿ, ಬಾದಾಮಿ ಮಾರುಕಟ್ಟೆಗೆ ಬಂದಿರುತ್ತವೆ. ಮಾವಿನಹಣ್ಣನ್ನು ಮುಂದಿಟ್ಟುಕೊಂಡು ಪಥ್ಯ ಶುರು ಮಾಡುವವನು ಮನುಷ್ಯನಲ್ಲ. ಆಮೇಲೆ ಆಷಾಢ, ಹೊಸದನ್ನು ಯಾರೂ ಆರಂಭಿಸುವುದಿಲ್ಲ. ಶ್ರಾವಣದಿಂದ ದೀಪಾವಳಿಯವರೆಗೆ ಹಬ್ಬ ಬಿಟ್ಟರೆ ಪಿತೃಪಕ್ಷ, ಪಿತೃಪಕ್ಷ ಬಿಟ್ಟರೆ ಹಬ್ಬ. ನಡುವೆ ದಸರಾ ನೆಂಟರು. ಧನುರ್ಮಾಸದಲ್ಲಿ ಬೆಳಗಿನ ಜಾವಕ್ಕೇ ಏಳುತ್ತೇನೆ, ನಿಜ. ಅದು ಹುಗ್ಗಿಗೆ.

ಇದೇ ಹೆಂಡತಿ ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು, ಒಂದೊಂದಕ್ಕೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತ ಹತ್ತಿ ಬರುತ್ತಾಳೆ. ಬಂದು ಸಾರಿಗೆ ಒಗ್ಗರಣೆ ಹಾಕುತ್ತಾಳೆ. ಅದು ವ್ಯಾಯಾಮ ಎಂದು ಅವಳಿಗೆ ಯಾರೂ ಹೇಳಿಲ್ಲ. ಹೇಳಿದ್ದರೆ ಎರಡನೇ ಮೆಟ್ಟಿಲಲ್ಲೇ ಮಂಡಿ ನೋವು ಬರುತ್ತಿತ್ತು ಎಂಬುದು ನನ್ನ ಗುಮಾನಿ. ಇದನ್ನು ನಾನು ಅವಳಿಗೂ ಹೇಳಿಲ್ಲ.

ನನ್ನ ಕಷ್ಟದ ಗಂಟು ಬೇರೆ ಕಡೆ ಇದೆ. ಸೋಮಾರಿಗೆ ಒಂದೇ ಕೆಲಸ ಬಾಕಿ ಇದ್ದರೆ ಇವತ್ತಲ್ಲ ನಾಳೆ ಸಿಕ್ಕಿಬೀಳುತ್ತಾನೆ. ಎರಡು ಇದ್ದರೆ ಅವು ಒಂದಕ್ಕೊಂದು ಜಾಮೀನು ಕೊಟ್ಟು ಅವನನ್ನು ಬಿಡಿಸಿಕೊಂಡು ಬರುತ್ತವೆ. ಲೇಖನಕ್ಕೆ ಕೂತರೆ ಬೆನ್ನು ಹಿಡಿಯುತ್ತದೆ, ತಲೆ ಮಂಕಾಗುತ್ತದೆ. ಕೆರೆ ಕಡೆ ಒಂದು ಸುತ್ತು ಹಾಕಿಬಂದರೆ ಸರಾಗವಾಗಿ ಬರೆಯಬಹುದು ಎನ್ನಿಸುತ್ತದೆ. ಕೆರೆ ಎಂದರೆ ಕುಕ್ಕರಹಳ್ಳಿ ಕೆರೆ. ಆದರೆ ಅಭಿನಂದನೆಗೆ ಪಾತ್ರರಾಗಲಿರುವ ವಿದ್ವಾಂಸರು ದಿನಾ ಬೆಳಗ್ಗೆ ನಡೆಯುವುದೂ ಅದೇ ಏರಿಯ ಮೇಲೆ! ಗ್ರಂಥದ ಯೋಜನೆ ಹಾಕಿದಾಗ ಅವರಿಗೆ ಎಪ್ಪತ್ತೈದು ತುಂಬಿತ್ತು, ಈಗ ಎಂಬತ್ತರ ಹತ್ತಿರ. ಎದುರಿಗೆ ಸಿಕ್ಕು, “ಏನಪ್ಪಾ, ಚೆನ್ನಾಗಿದ್ದೀಯಾ?” ಎಂದು ಕೇಳಿದರೆ ಯಾವ ಮುಖ ಹೊತ್ತು ಉತ್ತರಿಸಲಿ? ಲೇಖನ ಮುಗಿಯುವವರೆಗೆ ವಾಕಿಂಗಿಗೆ ಹೋಗುವ ಹಾಗಿಲ್ಲ. ವಾಕಿಂಗಿಗೆ ಹೋಗದೆ ಲೇಖನ ಮುಗಿಯುವ ಹಾಗಿಲ್ಲ. ಅಭಿನಂದನ ಗ್ರಂಥಗಳಲ್ಲಿ ಒಂದು ಅನುಕೂಲವೇನೋ ಇದೆ: ತೀರಾ ತಡವಾದರೆ ರಕ್ಷಾಪುಟದಲ್ಲಿ ‘ಸಂಸ್ಮರಣ’ ಎಂದು ತಿದ್ದಿಕೊಳ್ಳಬಹುದು. ದೇವರು ಅವರನ್ನು ನೂರು ಕಾಲ ಇಟ್ಟಿರಲಿ. ಅವರು ನಡೆಯುವ ರಭಸ ನೋಡಿದರೆ ಆ ಸೌಲಭ್ಯ ಒದಗಬೇಕಾದೀತು ನನಗೇ.

ಇದೇ ಕೆರೆಯ ಸುತ್ತ ಕುವೆಂಪು ನಡೆಯುತ್ತಿದ್ದರು. ನಮ್ಮ ಊರಲ್ಲಿ ವಾಕಿಂಗಿನ ಮಹಿಮೆ ಹೇಳುವವರೆಲ್ಲ ಕೊನೆಗೆ ಅಲ್ಲಿಗೆ ಬಂದು ನಿಲ್ಲುತ್ತಾರೆ. ನಾನು ಹಿಡಿದುಕೊಂಡಿರುವುದು ಬೇರೆ ಅಂಶ. ‘ಶ್ರೀರಾಮಾಯಣ ದರ್ಶನಂ’ ಮುಗಿಯಲು ಸುಮಾರು ಹತ್ತು ವರ್ಷ ಬೇಕಾಯಿತು. ಮಹಾಕಾವ್ಯಕ್ಕೆ ಹತ್ತು ವರ್ಷವಾದರೆ ನನ್ನ ಹದಿನಾಲ್ಕು ಪುಟಕ್ಕೆ ಎಷ್ಟು ಎಂದು ತ್ರೈರಾಶಿ ಹಾಕಿದವರು ಯಾರೂ ಇಲ್ಲ, ಸದ್ಯ.

ಹಾಗೆಂದು ನಾನು ಸುಮ್ಮನೆ ಕೂತಿರುವುದಿಲ್ಲ. ಕೆಲಸ ಮುಂದೂಡುವವನು ಸುಮ್ಮನೆ ಕೂರುತ್ತಾನೆ ಎಂದುಕೊಂಡವರಿಗೆ ನಮ್ಮ ಜಾತಿಯ ಶ್ರಮ ಗೊತ್ತಿಲ್ಲ. ಲೇಖನದ ಗಡುವು ಹತ್ತಿರ ಬಂದಷ್ಟೂ ಬೇರೆ ಕೆಲಸಗಳಲ್ಲಿ ನನ್ನ ಕಾರ್ಯಕ್ಷಮತೆ ಭಯಂಕರವಾಗಿ ಏರುತ್ತದೆ. ನಮ್ಮ ಕಾಲೇಜಿನಲ್ಲಿ ನ್ಯಾಕ್ ವರದಿ ಎಂದರೆ ಎಲ್ಲರೂ ರಜೆ ಅರ್ಜಿ ಹುಡುಕುತ್ತಾರೆ. ಐದು ವರ್ಷದ ಫೈಲುಗಳು, ಭಾವಚಿತ್ರಗಳು, ಹಾಜರಿ ಪಟ್ಟಿಗಳು, ಅವನ್ನೆಲ್ಲ ನಾನೊಬ್ಬನೇ ಕೂತು ಹೊಂದಿಸಿಕೊಟ್ಟೆ. ಪ್ರಿನ್ಸಿಪಾಲರು ಸಭೆಯಲ್ಲಿ ನನ್ನನ್ನು ಕರ್ಮಯೋಗಿ ಎಂದು ಕರೆದರು. ನಾನು ಯಾವ ಕರ್ಮದಿಂದ ಓಡಿ ಬಂದು ಆ ಫೈಲುಗಳ ಹಿಂದೆ ಅಡಗಿದ್ದೆನೆಂದು ಅವರಿಗೇನು ಗೊತ್ತು!

ಇದಕ್ಕೆ ಶಾಸ್ತ್ರಾಧಾರವೂ ಇದೆ. ಸ್ಟ್ಯಾನ್‌ಫರ್ಡಿನ ತತ್ತ್ವಶಾಸ್ತ್ರದ ಪ್ರೊಫೆಸರ್ ಜಾನ್ ಪೆರಿ 1996ರಲ್ಲಿ ಒಂದು ಪ್ರಬಂಧ ಬರೆದರು. ಬಹಳ ಮುಖ್ಯ ಎನ್ನಿಸುವ ಕೆಲಸವೊಂದನ್ನು ಪಟ್ಟಿಯ ತಲೆಗೆ ಇಟ್ಟುಕೊಳ್ಳಿ, ಅದನ್ನು ತಪ್ಪಿಸಿಕೊಳ್ಳುವ ಭರದಲ್ಲಿ ಕೆಳಗಿನವೆಲ್ಲ ತಾವಾಗಿ ಮುಗಿಯುತ್ತವೆ ಎಂಬುದು ಅದರ ತಿರುಳು. ಇದಕ್ಕೆ ಅವರಿಗೆ ಇಗ್ ನೊಬೆಲ್ ಎಂಬ ತಮಾಷೆಯ ಬಹುಮಾನ ಬಂತು, 2011ರಲ್ಲಿ. ನಡುವೆ ಹೋದ ಹದಿನೈದು ವರ್ಷ ನೋಡಿದರೆ ಬಹುಮಾನ ಸಮಿತಿಯವರೂ ಅದೇ ಸಿದ್ಧಾಂತದವರು ಎನ್ನಿಸುತ್ತದೆ. ಇನ್ನೊಬ್ಬರು, ಕೆನಡಾದ ಮನಶ್ಶಾಸ್ತ್ರಜ್ಞ ಟಿಮೊಥಿ ಪಿಚಿಲ್. ಮುಂದೂಡುವವನಿಗೆ ಸಮಯದ ಅಭಾವವಿಲ್ಲ, ಆ ಕೆಲಸ ನೆನೆದಾಗ ಏಳುವ ಕಸಿವಿಸಿಯಿಂದ ಅವನು ಓಡುತ್ತಿದ್ದಾನೆ ಎನ್ನುತ್ತಾರೆ. ನಿಜವಿರಬಹುದು. ನನಗೆ ಅಲ್ಲಿ ಇಷ್ಟವಾದದ್ದು ‘ಓಡುತ್ತಿದ್ದಾನೆ’ ಎಂಬುದು. ಡಾಕ್ಟರ ಮುಂದೆ ಹೇಳಿಕೊಳ್ಳಬಹುದು.

ಈಚೆಗೆ ಮಗಳು ಬೆಂಗಳೂರಿನಿಂದ ಹೆಜ್ಜೆ ಎಣಿಸುವ ಗಡಿಯಾರ ತಂದು ಕೈಗೆ ಕಟ್ಟಿದ್ದಾಳೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಬೇಕಂತೆ. ಹತ್ತೇ ಸಾವಿರ ಯಾಕೆ ಎಂದು ಹುಡುಕುತ್ತ ಒಂದು ಇಡೀ ಸಂಜೆ ಕುರ್ಚಿಯಿಂದ ಏಳದೆ ಓದಿದೆ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸುವ ಯಂತ್ರವನ್ನು ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬ ಅರ್ಥದ ಹೆಸರಿಟ್ಟು ಮಾರಿತು. ಅಂಕಿ ಹುಟ್ಟಿದ್ದು ಅಂಗಡಿಯಲ್ಲಿ, ಆಸ್ಪತ್ರೆಯಲ್ಲಲ್ಲ. 2019ರ ಅಮೆರಿಕದ ಅಧ್ಯಯನವೊಂದು, ವಯಸ್ಸಾದ ಹೆಂಗಸರಲ್ಲಿ ಸುಮಾರು 7,500 ಹೆಜ್ಜೆಯ ಆಚೆಗೆ ಲಾಭ ಅಷ್ಟೇನೂ ಏರುವುದಿಲ್ಲ ಎಂದು ಕಂಡಿತ್ತು. ನಾನು ವಯಸ್ಸಾದ ಹೆಂಗಸಲ್ಲ ಎಂದು ಮಗಳು ನೆನಪಿಸಿದಳು.

ಗಡಿಯಾರವೇನೋ ಗಂಟೆಗೊಮ್ಮೆ ಮಣಿಕಟ್ಟಿನಲ್ಲಿ ಗುರ್ ಎನ್ನುತ್ತಿತ್ತು, ನಾನು ಗದರಿಸಿ ಸುಮ್ಮನಾಗಿಸುತ್ತಿದ್ದೆ. ಆದರೆ ವಾರದ ಲೆಕ್ಕ ನೋಡಿದ ಮಗಳು ಫೋನಿನಲ್ಲೇ ಹಿಗ್ಗಿದಳು: “ಅಪ್ಪಾ, ಮಂಗಳವಾರ, ಶುಕ್ರವಾರ ಭರ್ಜರಿ ನಡೆದಿದ್ದೀಯಲ್ಲ!” ನಾನು ಹೊಸಿಲು ದಾಟಿರಲಿಲ್ಲ. ಕ್ಯಾಲೆಂಡರು ನೋಡಿ ಲೆಕ್ಕ ಹಾಕಿದರೆ, ಅವೆರಡೂ ಗ್ರಂಥದ ಸಂಪಾದಕರ ಫೋನು ಬರುವ ದಿನಗಳು. ಅವರ ಹೆಸರು ಪರದೆಯ ಮೇಲೆ ಕಂಡ ಕೂಡಲೇ ಎದ್ದು ನಿಲ್ಲುತ್ತೇನೆ. ಮೊದಲ ನೆಪಕ್ಕೆ ನಡುಮನೆಯಿಂದ ಅಡುಗೆಮನೆ, ಎರಡನೆಯದಕ್ಕೆ ಹಿತ್ತಿಲು, “ಆಕರ ಗ್ರಂಥ ಇನ್ನೂ ಸಿಕ್ಕಿಲ್ಲ ಸಾರ್” ಎನ್ನುವಷ್ಟರಲ್ಲಿ ತಾರಸಿ ಮೆಟ್ಟಿಲು. ಸುಳ್ಳು ಹೇಳುವಾಗ ನನಗೆ ಕೂರುವುದಕ್ಕೆ ಆಗುವುದಿಲ್ಲ.

ಹೋದ ಶುಕ್ರವಾರವೂ ಹಾಗೇ ತಾರಸಿ ಮೇಲೆ ಸುತ್ತುತ್ತಿದ್ದೆ. ಗುರಿ ಮುಟ್ಟಿದೆನೆಂದು ಗಡಿಯಾರ ಗುನುಗುನಿಸಿತು. ಆಚೆ ಕಡೆಯಿಂದಲೂ ಏದುಸಿರು ಕೇಳಿದ ಹಾಗಾಯಿತು.

“ಯಾಕೆ ಸಾರ್, ಹುಷಾರಿಲ್ವಾ?”

“ಏನಿಲ್ಲ ಮೇಷ್ಟ್ರೇ, ನಮ್ಮ ಡಾಕ್ಟ್ರೂ ವಾಕಿಂಗ್ ಬರ್ಕೊಟ್ಟಿದ್ದಾರೆ. ಸುಮ್ನೆ ನಡಿಯೋಕೆ ಬೇಜಾರು ನೋಡಿ, ಲೇಖಕರಿಗೆ ಫೋನ್ ಮಾಡ್ಕೊಂಡು ನಡೀತೀನಿ. ಮೊದಲು ನಲವತ್ತು ಜನ ಬಾಕಿ ಇದ್ರು, ದಿನಾ ಒಂದು ಗಂಟೆ ಹೇಗೆ ಹೋಗ್ತಿತ್ತೋ ಗೊತ್ತಾಗ್ತಿರಲಿಲ್ಲ. ಈಗ ಎಲ್ಲರೂ ಕೊಟ್ಬಿಟ್ರು. ಉಳಿದಿರೋದು ನೀವೊಬ್ರೇ.”

“ಈ ತಿಂಗಳು ಖಂಡಿತ ಕೊಡ್ತೀನಿ ಸಾರ್.”

ಸ್ವಲ್ಪ ಹೊತ್ತು ಅವರ ಚಪ್ಪಲಿ ಸದ್ದಷ್ಟೇ ಕೇಳಿತು.

“ಅವಸರ ಮಾಡ್ಕೋಬೇಡಿ ಮೇಷ್ಟ್ರೇ. ನೀವೂ ಕೊಟ್ಬಿಟ್ರೆ ನಾನಿನ್ನು ಯಾರಿಗೆ ಫೋನ್ ಮಾಡ್ಲಿ?”