ಕಾಂಡ್ಲಾ ಕಾಡಿನಲ್ಲಿ ಏಕಾದಶಿ

(ಸ್ಥಳ: ಸಾಲಿಗ್ರಾಮದ ಪಕ್ಕದ ಪಾರಂಪಳ್ಳಿ, ಸೀತಾ ನದಿಯ ಹಿನ್ನೀರಿನ ದಡ. ಡಿಸೆಂಬರಿನ ಬೆಳಿಗ್ಗೆ, ಗಂಟೆ ಒಂಬತ್ತು ದಾಟಿದೆ. ಬಂದವರು ಮೂವರು: ಬೆಂಗಳೂರಿನ ಶ್ಯಾಮರಾಯರು, ನಿವೃತ್ತ ಬ್ಯಾಂಕ್ ಮ್ಯಾನೇಜರು, ಅವರ ಹೆಂಡತಿ ಪದ್ಮಾವತಿ, ರಾಯರ ತಂಗಿಯ ಮಗ ಚೇತನ, ಕಯಾಕಿಂಗ್ ವಿಡಿಯೋ ನೋಡಿ ನೋಡಿ ಪರಿಣತನಾದವನು. ಕಾದು ಕೂತವನು ಗೈಡ್ ಸುರೇಶ. ಇವನದು ಕುಂದಾಪ್ರ ಕನ್ನಡ. ಪ್ರವಾಸಿಗರ ಎದುರು ಪೇಟೆ ಮಾತು ಆಡಬೇಕೆಂದು ಶುರು ಮಾಡುತ್ತಾನೆ, ಎರಡನೇ ವಾಕ್ಯಕ್ಕೆ ಮರೆಯುತ್ತಾನೆ.)

ಸುರೇಶ: ಬನ್ನಿ, ಬನ್ನಿ. ಏಳೂವರೆಗೆ ಬರ್ಕ್ ಅಂತ ಹೇಳಿದ್ದೆ ಅಲ್ದಾ?

ರಾಯರು: ಏಳೂವರೆಗೇ ಹೊರಟ್ವಪ್ಪಾ. ದಾರಿಯಲ್ಲಿ ಬನ್ಸ್ ಕಾಣಿಸ್ತು.

ಪದ್ಮಾವತಿ: ಕಾಣಿಸಿದ್ದು ಬನ್ಸ್. ತಿಂದದ್ದು ಬನ್ಸ್, ನೀರುದೋಸೆ, ಆಮೇಲೆ ಇನ್ನೊಂದು ಬನ್ಸ್. ನನಗೆ ಇವತ್ತು ಏಕಾದಶಿ. ಕಾರಲ್ಲೇ ಕೂತು ವಿಷ್ಣುಸಹಸ್ರನಾಮ ಮುಗಿಸಿ, ಮತ್ತೆ ಮೊದಲಿಂದ ಹಿಡಿದೆ.

ಸುರೇಶ: ಅಮ್ಮಂಗೆ ತಿಥಿ ಗೊತ್ತಿತ್ತ್! ಹಾಂಗಾರೆ ನೀರಿನ ಲೆಕ್ಕವೂ ಗೊತ್ತಾಪುದೇ. ಅಮಾಸೆ ಹುಣ್ಣಿಮೆಗೆ ಭರತ ಇಳಿತ ಎರಡೂ ಜೋರು. ಅಷ್ಟಮಿ ಕಳ್ದ್ ಏಕಾದಶಿ ಒಳಗೆ ಅಬ್ಬರ ಕಮ್ಮಿ. ಹೊಸಬ್ರನ್ನ ನಾನ್ ಕರುದೇ ಈ ದಿನಕ್ಕೆ.

ಚೇತನ: ನನ್ನ ಫೋನಲ್ಲಿ ಇದಕ್ಕೆ ಆ್ಯಪ್ ಇದೆ.

ಸುರೇಶ: ಎಂತ ಹೇಳತ್ತ್ ಅದು?

ಚೇತನ: ನೆಟ್‌ವರ್ಕ್ ಇಲ್ಲ ಅಂತ ಹೇಳುತ್ತೆ.

ಪದ್ಮಾವತಿ: ಒಂಟಿಕೊಪ್ಪಲ್ ಪಂಚಾಂಗಕ್ಕೆ ನೆಟ್‌ವರ್ಕ್ ಬೇಕಿಲ್ಲ.

ಸುರೇಶ: ಇವತ್ತ್ ಭರತ ತುಂಬಿದ್ದ್ ಎಂಟರ ಹೊತ್ತಿಗೆ. ಈಗ ಇಳಿತ ಶುರುವಾಯ್ತ್. ನಾಳೆ ತುಂಬುದ್ ಸುಮಾರು 50 ನಿಮಿಷ ತಡ. ನಾಡಿದ್ದ್ ಇನ್ನೂ 50. ಚಂದ್ರ ದಿನಾ ತಡ ಮಾಡ್ತ, ಅವ್ನ ಹಿಂದೆ ಸಮುದ್ರವೂ ತಡ.

ರಾಯರು: ದಿನಾ 50 ನಿಮಿಷ ಲೇಟು? ನಮ್ಮ ಶಾಖೆಯಲ್ಲಿ ಒಬ್ಬ ಕ್ಯಾಷಿಯರ್ ಇದ್ದ.

ಸುರೇಶ: ಸಮುದ್ರ ಹದಿನೈದು ದಿನಕ್ಕೆ ತಿರುಗಿ ಸುಮಾರು ಅದೇ ಗಂಟೆಗೆ ಬತ್ತ್ ಮಾರಾಯ್ರೆ.

ರಾಯರು: ಅವನು ಬರಲಿಲ್ಲ. ವರ್ಗ ಮಾಡಿಸಬೇಕಾಯ್ತು.

(ಸುರೇಶ ಒಂದು ಮುಚ್ಚಳಿಕೆ ಪತ್ರ ಮುಂದಿಡುತ್ತಾನೆ. ರಾಯರು ಕನ್ನಡಕ ಬದಲಿಸುತ್ತಾರೆ. ಹೊಳೆಯಲ್ಲಿ ನೀರು ಇಳಿಯುತ್ತಿದೆ; ಇದನ್ನು ಗಮನಿಸುತ್ತಿರುವವನು ಸುರೇಶ ಒಬ್ಬನೇ.)

ರಾಯರು: "ನನ್ನ ಸ್ವಂತ ಜವಾಬ್ದಾರಿಯ ಮೇಲೆ ನೀರಿಗಿಳಿಯುತ್ತಿದ್ದೇನೆ." ಸರಿ. ಇದರಲ್ಲಿ ಸಣ್ಣಕ್ಷರದ ಷರತ್ತು ಎಲ್ಲಿ?

ಸುರೇಶ: ಇಲ್ಲೆ. ಎಲ್ಲಾ ದೊಡ್ಡಕ್ಷರವೇ.

ರಾಯರು: ಅದೇ ಅನುಮಾನ ನನಗೆ. ಸರ್ವೀಸಿನುದ್ದಕ್ಕೂ ಜನರ ಕೈಲಿ ಓದಿಸದೆ ಸಹಿ ಹಾಕಿಸಿದೋನು ನಾನು. ಓದಿ ಸಹಿ ಹಾಕೋದು ನನಗೆ ಹೊಸದು. "ಈಜು ಬರುತ್ತದೆಯೇ?" 1978ರಲ್ಲಿ ಬರ್ತಿತ್ತು.

ಸುರೇಶ: ಬರ್ದಿದ್ರೂ ಅಡ್ಡಿಲ್ಲೆ. ಜಾಕೆಟ್ ಸರಿ ಹಾಕಣಿ. ಭುಜದ ಪಟ್ಟಿ ಹಿಡ್ದ್ ಮೇಲೆತ್ತಿ ಕಾಂತೆ. ಕಿವಿಗೆ ಬಂದ್ರೆ ಸಡಿಲ ಅಂತ ಲೆಕ್ಕ.

ಪದ್ಮಾವತಿ: ಅವರದ್ದು ಸಡಿಲ ಆಗೋ ಪ್ರಶ್ನೆಯೇ ಇಲ್ಲ. ಬಕಲ್ಲೇ ಕೂರ್ತಿಲ್ಲ. ಒಳಗೆ ಬನ್ಸ್ ಇದೆ.

(ಇನ್ನೊಂದು ಅಳತೆಯ ಜಾಕೆಟ್ ಬರುತ್ತದೆ. ಸಹಿಯೂ ಬೀಳುತ್ತದೆ, ದಿನಾಂಕ ಮತ್ತು ಸಾಕ್ಷಿಯೊಂದಿಗೆ.)

ಸುರೇಶ: ಈಗ ಹುಟ್ಟು ಹಿಡಿಯುದ್ ಕಾಣಿ. ಎರಡೂ ಕೈ ಭುಜಕ್ಕಿಂತ ಸ್ವಲ್ಪ ಅಗಲ. ಬಲಕ್ಕೊಂದ್, ಎಡಕ್ಕೊಂದ್. ತೋಳಿಂದ ಎಳುದಲ್ಲ, ಸೊಂಟ ತಿರುಗಿಸಿ ಎಳುದ್. ತೋಳಿಂದ ಎಳೆದ್ರೆ ಹತ್ತು ನಿಮಿಷಕ್ಕೆ ಸುಸ್ತ್. ಇನ್ನೊಂದ್ ಮಾತ್, ಅದು ಮುಖ್ಯ. ದೋಣಿ ವಾಲಿತು ಅಂತ ಕೊಂಬೆ ಹಿಡುಕಾಗ. ಕೊಂಬೆ ಅಲ್ಲೇ ಇರತ್ತ್, ದೋಣಿ ಮುಂದೆ ಹೋತ್ತ್, ನೀವ್ ಮಧ್ಯದಲ್ಲಿ ಬೀಳ್ತ್ರಿ.

ಚೇತನ: ಇದೆಲ್ಲ ನನಗೆ ಗೊತ್ತು ಬ್ರೋ. ನನಗೆ ಸಿಂಗಲ್ ಕೊಡಿ.

ಸುರೇಶ: ಅಯ್ತ್. ರಾಯರಿಗೂ ಅಮ್ಮಂಗೂ ಜೋಡಿ ದೋಣಿ. ಅಮ್ಮ ಮುಂದೆ, ರಾಯರು ಹಿಂದೆ.

ರಾಯರು: ನಾನ್ಯಾಕೆ ಹಿಂದೆ?

ಸುರೇಶ: ಭಾರದವ್ರು ಹಿಂದೆ. ದಿಕ್ಕು ತಿರುಗಿಸುದೂ ಹಿಂದಿನವ್ರೇ.

ರಾಯರು: (ಸಮಾಧಾನದಿಂದ) ಅಂದ್ರೆ ಆಡಳಿತ ನನ್ನದು.

ಸುರೇಶ: ಹೌದ್. ಆದ್ರೆ ಮುಂದಿನವ್ರು ಯಾವಾಗ ಹುಟ್ಟು ಹಾಕ್ತ್ರೋ ಆವಾಗ್ಲೇ ನೀವೂ ಹಾಕ್ಕ್. ಇಲ್ದಿದ್ರೆ ಇಬ್ಬರ ಹುಟ್ಟೂ ಒಂದಕ್ಕೊಂದ್ ಬಡೀತ್ತ್.

ಪದ್ಮಾವತಿ: ಬಹಳ ಒಳ್ಳೆ ವ್ಯವಸ್ಥೆ. ಯಾರು ಮಾಡಿದ್ದು ಇದನ್ನ?

(ನೀರಿಗೆ ಇಳಿದಾಯಿತು. ಚೇತನನ ದೋಣಿ ದಡದಿಂದ ಹತ್ತು ಅಡಿ ಹೋಗಿ ಅಲ್ಲೇ ಸುತ್ತುತ್ತಿದೆ.)

ರಾಯರು: ಏನೋ ಅದು, ಪ್ರದಕ್ಷಿಣೆ?

ಚೇತನ: ಸ್ವೀಪ್ ಸ್ಟ್ರೋಕ್ ಮಾವ. ತಿರುಗೋಕೆ ಮಾಡೋದು.

ಸುರೇಶ: ತಿರುಗಿದ್ದ್ ಸಾಕ್, ಈಗ ಮುಂದೆ ಹೋಪುಕೆ ಮಾಡಿ. ಬಲಗಡೆ ಮಾತ್ರ ಹಾಕ್ತಾ ಇದ್ರಿ. ಎಡಗಡೆಗೂ ನೀರಿತ್ತ್.

(ಅತ್ತ ಪದ್ಮಾವತಿ ಮಾತಿಲ್ಲದೆ ಬಲ, ಎಡ, ಬಲ, ಎಡ ಹಾಕುತ್ತಿದ್ದಾರೆ. ದೋಣಿ ನೇರ ಹೋಗುತ್ತಿದೆ. ಹಿಂದೆ ರಾಯರು ಹುಟ್ಟನ್ನು ತೊಡೆಯ ಮೇಲಿಟ್ಟು "ಸ್ವಲ್ಪ ಎಡಕ್ಕೆ" ಎನ್ನುತ್ತಿದ್ದಾರೆ. ಹೊಳೆ ಕಿರಿದಾಗಿ ಎರಡೂ ಬದಿ ಕಾಂಡ್ಲಾ ಕಾಡು ಶುರುವಾಗುತ್ತದೆ.)

ಪದ್ಮಾವತಿ: ಅಬ್ಬ! ಈ ಮರ ನೀರಿಗಿಳಿದು ನಿಂತಿದೆಯಲ್ರೀ. ಕಾಂಡದ ಅರ್ಧದಿಂದಲೇ ಬೇರು.

ಸುರೇಶ: ಇದು ಕಾಂಡ್ಲಾ. ರೈಜೋಫೋರಾ ಅಂಬ್ರ್ ಓದಿದವ್ರು. ಕೆಸರು ಮೆತ್ತಗೆ, ಗಾಳಿ ಜೋರು, ನೀರು ದಿನಕ್ಕೆರಡು ಸಲ ಏರಿ ಇಳಿತ್ತ್. ಒಂದೇ ಕಾಲಲ್ಲಿ ನಿಂತ್ರೆ ಬೀಳತ್ತ್, ಅದ್ಕೆ ಸುತ್ತ ಊರುಗೋಲು.

ಪದ್ಮಾವತಿ: ಕೊಂಬೆಯಲ್ಲಿ ನುಗ್ಗೆಕಾಯಿ ಥರ ಉದ್ದಕ್ಕೆ ನೇತಾಡ್ತಿದೆಯಲ್ಲ, ಅದು? ಹುಳಿಗೆ ಆಗುತ್ತಾ?

ಸುರೇಶ: (ನಗುತ್ತ) ಇಲ್ಲೆ ಅಮ್ಮ. ಅದು ಕಾಯಿಯಲ್ಲ, ಸಸಿ. ಬೀಜ ಮರದಲ್ಲೇ ಮೊಳೀತ್ತ್. ಅಷ್ಟುದ್ದ ಆದ್ಮೇಲೆ ಬೀಳುದ್. ಇಳಿತ ಇದ್ರೆ ಕೆಸರಲ್ಲಿ ನೆಟ್ಟಗೆ ಊರಿಕೊಣ್ತ್. ಭರತ ಇದ್ರೆ ತೇಲ್ಕೊಂಡ್ ಹೋಯಿ ಬೇರೆ ಜಾಗ ಹುಡುಕತ್ತ್.

ಪದ್ಮಾವತಿ: ನೋಡಿ ರೀ, ಮಕ್ಕಳನ್ನ ಸ್ವಂತ ಕಾಲ ಮೇಲೆ ನಿಲ್ಲೋ ಹಾಗೆ ಮಾಡೇ ಮನೆಯಿಂದ ಕಳಿಸುತ್ತೆ.

ರಾಯರು: ನಮ್ಮೋನಿಗೆ ಮೂವತ್ತೆರಡು. ಇನ್ನೂ ಕೊಂಬೆಯಲ್ಲೇ ಇದಾನೆ.

ಸುರೇಶ: ಇನ್ನೊಂದು ಬಗೆ ಕಾಣಿ, ಅವಿಸೆನ್ನಿಯಾ. ಇದಕ್ಕೆ ಊರುಗೋಲಿಲ್ಲ. ಕೆಸರಿಂದ ಮೇಲಕ್ಕೆ ಕಡ್ಡಿ ಕಡ್ಡಿ ಎದ್ದಿತ್ತಲ್ಲ, ಅದೂ ಬೇರೇ. ಕೆಸರಿನೊಳಗೆ ಗಾಳಿ ಇಲ್ಲೆ, ಅದ್ಕೆ ಮೂಗು ಮೇಲೆ ಹಾಕಿತ್ತ್. ಎಲೆ ನೆಕ್ಕಿ ಕಾಣಿ, ಉಪ್ಪು. ಕಾಂಡ್ಲಾ ಹೆಚ್ಚಿನ ಉಪ್ಪನ್ನ ಬೇರಲ್ಲೇ ತಡೀತ್ತ್. ಇದು ಒಳಗೆ ಬಿಟ್ಟುಕೊಂಡ್ ಎಲೆಯಿಂದ ಹೊರಗೆ ಹಾಕತ್ತ್.

ಪದ್ಮಾವತಿ: ರೀ, ನೀವು ನೆಕ್ಕಬೇಡಿ. ಬಿಪಿ.

(ರಾಯರು ಆಗಲೇ ನೆಕ್ಕಿಯಾಗಿದೆ.)

ರಾಯರು: ಬನ್ಸ್ ಜತೆ ಕೊಟ್ಟ ಚಟ್ನಿಗೆ ಇಷ್ಟು ಉಪ್ಪು ಇದ್ದಿದ್ರೆ ಸರಿ ಇರ್ತಿತ್ತು.

ಚೇತನ: ಒಂದು ಕೊಂಬೆ ಮುರ್ಕೊಂಡು ತಲೆ ಹತ್ರ ಹಿಡಿದು ಫೋಟೋ ತೆಗೀಲಾ?

ರಾಯರು: (ಮೊದಲ ಸಲ ಮ್ಯಾನೇಜರ್ ದನಿಯಲ್ಲಿ) ಮುಟ್ಟಬೇಡ! ಇದು ಕರಾವಳಿ ನಿಯಂತ್ರಣ ವಲಯ, ಸಿಆರ್‌ಝಡ್ ಒಂದು-ಎ. ಕಾಂಡ್ಲಾ 1000 ಚದರ ಮೀಟರಿಗಿಂತ ಹೆಚ್ಚು ಇದ್ದರೆ ಅದರ ಸುತ್ತ 50 ಮೀಟರ್ ಬಿಡಬೇಕು. ಕಾಡಂಚಿನಲ್ಲೇ ರೆಸಾರ್ಟ್ ಕಟ್ತೀನಿ ಅಂತ ಒಬ್ಬರು ಸಾಲಕ್ಕೆ ಬಂದಿದ್ರು. ಅವರ ನಕ್ಷೆಯಲ್ಲಿ ಕಾಡನ್ನ ಪೊದೆ ಅಂತ ಬರೆದಿದ್ರು. ನಾನು ಅರ್ಜಿ ವಾಪಸ್ ಕಳಿಸಿದೆ.

ಸುರೇಶ: ನೀವಾ? ಹ್ವಾಯ್ ರಾಯರೇ, ಅದು ದೊಡ್ಡ ಕೆಲ್ಸ. ಸೀಗಡಿ, ಏಡಿ, ಮೀನಿನ ಮರಿ ಎಲ್ಲಾ ಈ ಬೇರಿನ ಸಂದಿಲೇ ದೊಡ್ಡಾಪುದ್. ಈ ಕಾಡ್ ಕಡ್ದ್ರೆ ನಮ್ಮ ಬಲೆಗೆ ಬಪ್ಪುದೆಂತ?

ಪದ್ಮಾವತಿ: (ತಿರುಗಿ ನೋಡಿ) ಇದನ್ನ ಮನೇಲಿ ಯಾವತ್ತೂ ಹೇಳಲೇ ಇಲ್ಲ ನೀವು.

ರಾಯರು: ಗೋಪ್ಯ ಕಡತ ಕಣೇ.

(ಈ ಹೆಮ್ಮೆಯೇ ಮುಂದಿನ ಅನಾಹುತಕ್ಕೆ ಮೂಲ. ಹೊಗಳಿಸಿಕೊಂಡ ಮ್ಯಾನೇಜರನ್ನು ಹಿಂದಿನ ಸೀಟಿನಲ್ಲಿ ಕೂರಿಸಬಾರದು.)

ಚೇತನ: ಮಾವ, ಮೊಸಳೆ! ಅಲ್ಲಿ ಕೆಸರಲ್ಲಿ ಏನೋ ನಡೀತಿದೆ!

ಸುರೇಶ: ಮೊಸಳೆ ಕಾಂಬುಕೆ ದಾಂಡೇಲಿಗೆ ಹೋಯ್ಕ್. ಅದು ಮೀನು. ಮೈ ಒದ್ದೆ ಇರುವಷ್ಟು ಹೊತ್ತು ಚರ್ಮದಿಂದಲೂ ಉಸ್ರಾಡಿಕಂಡ್ ಕೆಸರ ಮೇಲೆ ತಿರುಗತ್ತ್. ಪಕ್ಕದಲ್ಲಿ ಏಡಿ ಕಾಣಿ, ಒಂದು ಕೈ ಮಾತ್ರ ದೊಡ್ಡದ್. ಗಂಡು ಅದು. ಹೆಣ್ಣನ್ನ ಕರೆಯುಕೆ ಆ ಕೈ ಬೀಸ್ತಾ ಇತ್ತ್.

ಚೇತನ: ಬಂತಾ?

ಸುರೇಶ: ಯಾರು?

ಚೇತನ: ಹೆಣ್ಣು.

ಸುರೇಶ: ಬೆಳಗ್ಗಿಂದ ಬೀಸ್ತಾ ಇತ್ತ್, ಪಾಪ.

(ಚೇತನ ಏಡಿಯ ವಿಡಿಯೋ ಮಾಡಲು ವಾಲುತ್ತಾನೆ. ದೋಣಿಯೂ ವಾಲುತ್ತದೆ. ಕೈ ತಾನಾಗಿ ಮೇಲೆ ಹೋಗಿ ಕೊಂಬೆ ಹಿಡಿಯುತ್ತದೆ. ಕೊಂಬೆ ಅಲ್ಲೇ ಇರುತ್ತದೆ, ದೋಣಿ ಮುಂದೆ ಹೋಗುತ್ತದೆ. ಉಳಿದದ್ದು ಗೈಡ್ ಹೇಳಿದ ಹಾಗೇ.)

ಚೇತನ: ಹೆಲ್ಪ್! ಮಾವ! ಮುಳುಗ್ತಿದೀನಿ!

ಸುರೇಶ: ನಿತ್ಕಣಿ.

ಚೇತನ: ಈಜು ಬರಲ್ಲ! ಹೆಲ್ಪ್!

ಸುರೇಶ: ನಿತ್ಕಣಿ ಮಾರಾಯ್ರೆ. ಕಾಲು ಕೆಳಗಿಡಿ.

(ಚೇತನ ನಿಲ್ಲುತ್ತಾನೆ. ನೀರು ಸೊಂಟಕ್ಕಿದೆ. ಒಂದು ಮಿಂಚುಳ್ಳಿ ಹಾರಿಹೋಗುತ್ತದೆ.)

ಪದ್ಮಾವತಿ: ಮೊಬೈಲು?

ಚೇತನ: ವಾಟರ್‌ಪ್ರೂಫ್ ಕವರಲ್ಲಿದೆ ಅತ್ತೆ. ರೆಕಾರ್ಡಿಂಗ್ ಆನ್ ಇತ್ತು.

ಪದ್ಮಾವತಿ: ಹಾಗಾದರೆ ಕಿರುಚಿದ್ದೂ ಬಂದಿದೆ. ಎಲ್ಲರಿಗೂ ಕಳಿಸು.

ಸುರೇಶ: ಅವ್ರನ್ನ ಹತ್ತಿಸಿ ಬತ್ತೆ. ನೀವ್ ಇಲ್ಲೇ ಇರಿ. ನೀರ್ ಇಳೀತಾ ಇತ್ತ್, ಸಣ್ಣ ಕಾಲುವೆಗೆ ಹೋಪುಕಾಗ.

(ಸುರೇಶ ಬೆನ್ನು ತಿರುಗಿಸುತ್ತಾನೆ.)

ರಾಯರು: ಪದ್ಮಾ, ಆ ಸಣ್ಣ ಕಾಲುವೆ ನೇರ ದಡಕ್ಕೇ ಹೋಗುತ್ತೆ ಅನ್ಸುತ್ತೆ. ಎಡಕ್ಕೆ.

ಪದ್ಮಾವತಿ: ಹೋಗಬೇಡಿ ಅಂದ್ರಲ್ಲ.

ರಾಯರು: ಆಡಳಿತ ನನ್ನದು.

(ಅವರು ಹುಟ್ಟು ಹಾಕಿದ್ದು ಅದೇ ಮೊದಲು. ಚೆನ್ನಾಗಿಯೇ ಹಾಕಿದರು. ದೋಣಿ ಕಾಲುವೆಯೊಳಗೆ ಹೋಗಿ, ನಿಧಾನಕ್ಕೆ, ಮರ್ಯಾದೆಯಿಂದ, ನಿಂತುಬಿಟ್ಟಿತು.)

ರಾಯರು: ಯಾಕೆ ನಿಲ್ಲಿಸಿದೆ?

ಪದ್ಮಾವತಿ: ನಾನು ನಿಲ್ಲಿಸಿಲ್ಲ. ನನ್ನ ಕಡೆ ನೀರಿದೆ. ನಿಮ್ಮ ಕಡೆ ಇಲ್ಲ.

ರಾಯರು: ಒಂದೇ ದೋಣಿಯಲ್ಲಿ ಅದು ಹೇಗೆ ಸಾಧ್ಯ?

ಪದ್ಮಾವತಿ: ನಾನು ಉಪವಾಸ.

ರಾಯರು: ಇಳಿದು ತಳ್ತೀನಿ ತಡಿ.

ಸುರೇಶ: (ದೂರದಿಂದ) ಇಳಿಬ್ಯಾಡಿ! ಕಾಲ್ ಇಡಬ್ಯಾಡಿ!

(ಒಂದು ಕಾಲು ಇಟ್ಟಾಗಿದೆ. ಮೊಣಕಾಲಿನವರೆಗೆ ಒಳಗೆ ಹೋಗಿದೆ. ರಾಯರು ಬಹಳ ಕಷ್ಟಪಟ್ಟು ಅದನ್ನು ಹೊರಗೆಳೆಯುತ್ತಾರೆ. ಕಾಲು ಬಂತು, ಚಪ್ಪಲಿ ಬರಲಿಲ್ಲ.)

ರಾಯರು: ಸುರೇಶ, ನೀರು ವಾಪಸ್ ಯಾವಾಗ ಬರುತ್ತೆ?

ಸುರೇಶ: ಎರಡು ಗಂಟೆವರೆಗೆ ಇಳೂದೇ. ಆಮೇಲೆ ಏರು. ಪೂರ್ತಿ ತುಂಬುದ್ ರಾತ್ರಿ ಎಂಟೂವರೆ.

ರಾಯರು: ರಾತ್ರಿ ಎಂಟೂವರೆ! ನಾನು ಅರ್ಜಿ ಎಲ್ಲಿ ಕೊಡಲಿ?

ಪದ್ಮಾವತಿ: ನನಗೇನೂ ತೊಂದರೆ ಇಲ್ಲ. ನನ್ನ ಪಾರಣೆ ನಾಳೆ ಬೆಳಿಗ್ಗೆ.

ಸುರೇಶ: (ಹತ್ತಿರ ಬಂದು ಹಗ್ಗ ಎಸೆಯುತ್ತ) ಅಮ್ಮ, ಅದನ್ನ ಮುಂದಿನ ಹಿಡಿಗೆ ಸಿಕ್ಕಿಸಿ. ರಾಯರೇ, ನೀವ್ ಕೂತಲ್ಲೇ ಮುಂದೆ ಸರೀನಿ. ಇನ್ನೂ ಮುಂದೆ. ಭಾರ ಹಿಂದಿದ್ದೇ ತೊಂದ್ರೆ ಆದ್ದ್.

ರಾಯರು: ಹಿಂದೆ ಕೂರಿಸಿದ್ದು ನೀನೇ ಅಲ್ಲವೇನಯ್ಯಾ?

ಸುರೇಶ: ಹೌದ್, ನೀರಿದ್ದಲ್ಲಿ.

(ಹಗ್ಗ ಬಿಗಿಯುತ್ತದೆ. ಪದ್ಮಾವತಿ ಹುಟ್ಟನ್ನು ಕೆಸರಿಗೆ ಅಡ್ಡಡ್ಡ ಒತ್ತಿ ಲಯಕ್ಕೆ ಸರಿಯಾಗಿ ತಳ್ಳುತ್ತಾರೆ. ದೋಣಿ ಜಾರಿ ದೊಡ್ಡ ಹೊಳೆಗೆ ಬರುತ್ತದೆ. ಅಲ್ಲಿಂದ ದಡದವರೆಗೆ ರಾಯರು ಹೆಂಡತಿಯ ಹುಟ್ಟು ಏಳುವಾಗ ಏಳಿಸಿ, ಬೀಳುವಾಗ ಬೀಳಿಸಿ, ಒಂದು ಮಾತಾಡದೆ ಬಂದರು. ಇಡೀ ದಿನದಲ್ಲಿ ಆ ದೋಣಿ ಸರಿಯಾಗಿ ಓಡಿದ್ದು ಆ ಹದಿನೈದು ನಿಮಿಷ. ದಡದಲ್ಲಿ ಸುರೇಶ ಅಭಿಪ್ರಾಯದ ಪುಸ್ತಕ ಕೊಡುತ್ತಾನೆ. ರಾಯರು ಬರೆದದ್ದನ್ನು ಪದ್ಮಾವತಿ ಗಟ್ಟಿಯಾಗಿ ಓದುತ್ತಾರೆ.)

ಪದ್ಮಾವತಿ: "ಹೊಸದಾಗಿ ಬರುವವರ ಗಮನಕ್ಕೆ. ಒಂದು, ಮಳೆಗಾಲದಲ್ಲಿ ಬರಬೇಡಿ, ಆಗ ಹೊಳೆ ತುಂಬಿ ಸೆಳೆಯುತ್ತದೆ. ಎರಡು, ಗೈಡ್ ಹೇಳಿದ ಗಂಟೆ ಚಂದ್ರ ಕೊಟ್ಟ ಗಂಟೆ, ಅದರಲ್ಲಿ ರಿಯಾಯಿತಿ ಇಲ್ಲ. ಮೂರು, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿಯನ್ನೇ ಹಾಕಿಕೊಂಡು ಬನ್ನಿ. ಹವಾಯಿ ಚಪ್ಪಲಿ ಜಮಾ ಆದರೆ ಈ ಕೆಸರು ಹಿಂದಿರುಗಿಸುವುದಿಲ್ಲ."