ಕೌದಿ ಹೊದ್ದ ಸ್ಟುಡಿಯೋ

ಮಧ್ಯಾಹ್ನ ಮೂರು ಗಂಟೆಗೆ, ನಮ್ಮ ರಾಯಚೂರು ಸೀಮೆಯ ಬಿಸಿಲಿನಲ್ಲಿ, ಮಗ ಒಳಕೋಣೆ ಸೇರಿ ತಲೆತುಂಬ ಕೌದಿ ಹೊದ್ದುಕೊಂಡು ಬಿದ್ದಿದ್ದರೆ ಯಾವ ತಾಯಿಯ ಎದೆ ಧಸಕ್ ಅನ್ನುವುದಿಲ್ಲ? ಪಕ್ಕದ ಮನೆಯ ಅಕ್ಕ ಫರ್ಸಿ ಕಲ್ಲಿನ ಬೇಲಿಯ ಆಚೆಯಿಂದ ನನ್ನನ್ನು ಕೂಗಿದ್ದು ಅದಕ್ಕೇ.

“ಯಣ್ಣಾ, ಹುಡುಗಗ ಚಳಿಜ್ವರ ಬಂದೈತೇನ ಸ್ವಲ್ಪ ನೋಡ ಬಾರಣ್ಣ. ಕೌದ್ಯಾಗ ಹೊಕ್ಕೊಂಡು ಒಬ್ನೇ ಏನೇನೋ ಬಡಬಡಸಾಕತ್ಯಾನ.”

ಹೋಗಿ ಕೌದಿ ಎತ್ತಿದೆ. ಬೆವರಿನಲ್ಲಿ ತೊಯ್ದು ತೊಪ್ಪೆಯಾದ ಹುಡುಗ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬ್ಯಾಟರಿ ಹಿಡಿದುಕೊಂಡು, ಹಾಸಿಗೆಯ ಮೇಲಿನ ಚೀಟಿಗೆ ಬೆಳಕು ಬಿಡುತ್ತಿದ್ದ. “ಕಾಕಾ, ಕೆಡಿಸಿಬಿಟ್ರಿ! ಹನ್ನೊಂದನೇ ಟೇಕು ಇದು. ಛಲೋ ಬರಾಕತ್ತಿತ್ತು.”

ಕೌದಿಯ ಉಪಾಯ ಹೇಳಿಕೊಟ್ಟವನು ನಾನೇ. ಅಕ್ಕನಿಗೆ ತಿಳಿಸದೆ ಬಿಟ್ಟಿದ್ದೂ ನಾನೇ. ಹೀಗಾಗಿ ಆಕೆಯ ಬೈಗುಳದಲ್ಲಿ ಅರ್ಧ ಪಾಲು ನನಗೆ ಬಂತು.

ನನ್ನ ಪರಿಚಯ ಇಷ್ಟು: ಒಂದು ಕಾಲಕ್ಕೆ ಪೋತ್ನಾಳದ ಸುತ್ತಮುತ್ತ ಮದುವೆ, ಮುಂಜಿ, ಜಾತ್ರೆ, ಮೊಹರಂ ಅಂದರೆ ಮೈಕ್‌ಸೆಟ್ ನನ್ನದೇ. ಎರಡು ಹಾರನ್, ಒಂದು ಅಹುಜಾ ಆಂಪ್ಲಿಫೈಯರ್, ಒಂದು ಟೇಪು, ಒಂದು ಟ್ರಂಕಿನಷ್ಟು ಕ್ಯಾಸೆಟ್ಟು. ಡೀಜೆ ಬಂದ ಮೇಲೆ ನನ್ನ ಹಾರನ್ನುಗಳು ಮಾಳಿಗೆ ಏರಿದವು. ಒಂದರಲ್ಲಿ ಗುಬ್ಬಿ ಗೂಡು ಕಟ್ಟಿದೆ, ಇನ್ನೊಂದು ಇನ್ನೂ ಮಾತಾಡುತ್ತದೆ. ಅಕ್ಕನ ಮಗ ಒಂಬತ್ತನೇತ್ತ ಓದುತ್ತಾನೆ. ಸಾಲಿಯಲ್ಲಿ ‘ನಮ್ಮ ಊರು, ನಮ್ಮ ತಂತ್ರಜ್ಞಾನ’ ಅಂತ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಮೂರು ನಿಮಿಷದ ವಿಡಿಯೋ ಒಂದು, ಐದು ನಿಮಿಷದ ಆಡಿಯೋ ಒಂದು. ಸಾಧನ ಅಂದರೆ ಅಪ್ಪನ ಫೋನು, ಅದೂ ಅಪ್ಪ ಮನೆಯಲ್ಲಿದ್ದಾಗ ಮಾತ್ರ.

ಮೊದಲನೇ ದಿನವೇ ವಿಡಿಯೋ ತಯಾರಾಗಿತ್ತು. ಬೇಲಿಯ ಮೇಲಿಂದ ಫೋನು ಚಾಚಿ ತೋರಿಸಿದ. ಅದರಲ್ಲಿ ಜಪಾನಿನ ರೋಬೋ ಒಂದು ಚಹಾ ತಂದು ಕೊಡುತ್ತಿತ್ತು, ರಾಕೆಟ್ ಹಾರುತ್ತಿತ್ತು, ನೀಲಿ ಬೆಳಕಿನಲ್ಲಿ ಏನೇನೋ ಅಂಕಿಗಳು ಮಳೆಯಂತೆ ಸುರಿಯುತ್ತಿದ್ದವು. ಹಿಂದಿನಿಂದ ಒಬ್ಬ ಹೆಣ್ಣುಮಗಳು ಟೀವಿ ವಾರ್ತೆಯವರಂತೆ ಗಡಗಡ ಓದುತ್ತಿದ್ದಳು. ಬರೆದು ಕೊಟ್ಟರೆ ಫೋನೇ ಓದುತ್ತದಂತೆ. ಹೆಣ್ಣುದನಿಯೂ ಅದರದೇ, ಗಂಡುದನಿಯೂ ಅದರದೇ.

“ತಮ್ಮಾ, ಪೋತ್ನಾಳದಾಗ ರೋಬೋ ಯಾರ ಮನ್ಯಾಗ ಐತೋ?” ಅಂದೆ.

ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಕುಟ್ಟುತ್ತಿದ್ದ ಅವನ ಅಜ್ಜಿಗೆ ರೋಬೋ ಚಿಂತೆಯಿರಲಿಲ್ಲ. ಆಕೆ ಕಿವಿಗೊಟ್ಟು ಕೇಳಿ, “ಯಾರಪ ಈಕಿ? ಉಸುರೇ ತಗಳ್ಳಂಗಿಲ್ಲಲ್ಲ!” ಅಂದಳು.

ನಾವಿಬ್ಬರೂ ಮತ್ತೊಮ್ಮೆ ಕೇಳಿದೆವು. ಮುದುಕಿಯ ಮಾತು ಖರೆ. ಮೂರು ನಿಮಿಷ ಓದಿದರೂ ಆ ಹೆಣ್ಣುಮಗಳು ಒಮ್ಮೆಯೂ ಉಸಿರೆಳೆದುಕೊಂಡಿರಲಿಲ್ಲ. ಮೈಕಿನ ಹಿಂದೆ ಮೂವತ್ತು ವರ್ಷ ಕೂತ ನನಗೆ ಹತ್ತದ್ದು ಎಲೆಯಡಿಕೆಯ ಮುದುಕಿಗೆ ಹತ್ತಿತು ನೋಡಿ. ರೋಬೋ ಅಂದೇ ಅಳಿಸಿ ಹೋಯಿತು.

ಹಂಗಾದರೆ ನಮ್ಮೂರಿನ ತಂತ್ರಜ್ಞಾನ ಯಾವುದು? ಹುಡುಗ ಪಟ್ಟಿ ಮಾಡಿಕೊಂಡು ಬಂದ. ನೆಲ್ಲು ಕೊಯ್ಯುವ ಮಷಿನ್, ಹೊಲದ ಸ್ಟಾರ್ಟರ್ ಪೆಟ್ಟಿಗೆಗೆ ಮನೆಯಿಂದ ಫೋನ್ ಮಾಡಿದರೆ ಶುರುವಾಗುವ ಮೋಟರು, ರೇಷನ್ ಅಂಗಡಿಯ ಹೆಬ್ಬಟ್ಟು ಮಷಿನ್. ನಾನೂ ಒಂದು ಸೇರಿಸಿದೆ: ನಮ್ಮೂರಿನ ಜಾಗೃತ ಮಹಿಳಾ ಸಂಘಟನೆಯ ಹೆಣ್ಣುಮಕ್ಕಳು ಮಣ್ಣಿನಲ್ಲಿ ಮಾಡಿ ಸುಡುವ ಸರ, ಓಲೆ. “ಮಣ್ಣು ತಂತ್ರಜ್ಞಾನ ಹೆಂಗಾಗ್ತೈತಿ ಕಾಕಾ?” ಅಂದ. ಮನೆಯಿಂದ ಒಂದು ಹೊಸ ಗಡಿಗೆ, ಒಂದು ಬಿರುಕು ಬಿಟ್ಟ ಗಡಿಗೆ ತಂದು ಬೆರಳಿನಿಂದ ತಟ್ಟಿ ಕೇಳಿಸಿದೆ. ಸರಿಯಾಗಿ ಸುಟ್ಟದ್ದು ಠಣ್ ಅನ್ನುತ್ತದೆ, ಬಿರುಕಿದ್ದದ್ದು ಬೊದ್ ಅನ್ನುತ್ತದೆ. ಕಣ್ಣಿಗೆ ಕಾಣದ ಸೀಳನ್ನು ಕಿವಿ ಹಿಡಿಯುತ್ತದೆ. ಆ ಠಣ್ಣೂ ಬೊದ್ದೂ ಅವನ ಆಡಿಯೋದ ಮೊದಲನೇ ತುಣುಕಾದವು.

ಚಿತ್ರ ತೆಗೆಯುವುದು ಹುಡುಗನಿಗೆ ನೀರು ಕುಡಿದಷ್ಟು ಸಲೀಸು. ಕೊಯ್ಲಿನ ಹೊತ್ತು, ಹಸಿ ಗದ್ದೆಗೆ ಇಳಿಯುವ ಚೈನ್ ಮಷಿನ್ನುಗಳು ವಲಸೆ ಬಂದ ರೈತರ ಕ್ಯಾಂಪುಗಳ ಕಡೆಯಿಂದ ಸಾಲುಹಿಡಿದು ಬಂದಿದ್ದವು. ಬದುವಿನ ಮೇಲೆ ನಿಂತು ಛಂದಾಗಿ ತೆಗೆದ. ಧೂಳಿನಲ್ಲಿ ಸಂಜೆಬೆಳಕು ಬಿದ್ದು ಸಿನಿಮಾದಂತೆ ಕಾಣುತ್ತಿತ್ತು. ಮನೆಗೆ ಬಂದು ಹಚ್ಚಿದರೆ ದನಿ ಬರೀ ಭರ್ರೋ! ಮಷಿನ್ನಿನ ಗದ್ದಲ ಅರ್ಧ, ಗಾಳಿ ನೇರ ಮೈಕಿಗೆ ಬಡಿದದ್ದು ಅರ್ಧ. ಡ್ರೈವರು ಹೇಳಿದ ಮಾತು ಒಂದೂ ಇಲ್ಲ. ಮರುದಿನ ಇಯರ್‌ಫೋನಿನ ಮೈಕಿಗೆ ಹಳೇ ಕಾಲುಚೀಲ ತೊಡಿಸಿ, ಡ್ರೈವರಿನ ಅಂಗಿ ಗುಂಡಿಗೆ ಸಿಗಿಸಿ, ಮಷಿನ್ ಬಂದ್ ಮಾಡಿಸಿ ಮಾತಾಡಿಸಿದ. ಮಷಿನ್ನಿನ ದನಿಯನ್ನು ಬೇರೆಯಾಗಿ, ದೂರ ನಿಂತು ಹಿಡಿದ. ಆಮೇಲೆ ಎರಡನ್ನೂ ಒಂದರ ಕೆಳಗೊಂದು ಇಟ್ಟು ಹೊಲಿದ. ಕೌದಿ ಹೊಲಿದಂತೆಯೇ ಅದೂ. ತುಂಡಿನ ಮೇಲೆ ತುಂಡು, ನಡುವೆ ಕಾಣದ ದಾರ.

ಒಳಗೆ ಕೂತು ಮಾತಾಡುವುದಾದರೂ ಸುಲಭವೇ? ಅವರ ಮನೆಗೆ ಮುಂದೆ ತಗಡಿನ ಪಡಸಾಲೆ, ನೆಲಕ್ಕೆ ಶಹಾಬಾದ್ ಕಲ್ಲು. ಒಂದು ಮಾತಾಡಿದರೆ ನಾಲ್ಕು ಮಾತು ತಿರುಗಿ ಬರುತ್ತವೆ. ಮಾನ್ವಿಯಿಂದ ಸಿಂಧನೂರಿಗೆ ಹೋಗುವ ರಸ್ತೆಯಲ್ಲಿ ನೆಲ್ಲಿನ ಲಾರಿಗಳು ಹಾರನ್ ಒತ್ತಿ ಊರು ದಾಟುತ್ತವೆ. ಅದಕ್ಕೇ ಕೌದಿ ಹೇಳಿದ್ದು. ಹಳೇ ಸೀರೆಗಳ ಹತ್ತು ಪದರ ದನಿಯನ್ನು ಕುಡಿದುಬಿಡುತ್ತದೆ, ತಿರುಗಿ ಬಿಡುವುದಿಲ್ಲ. ಬೆಂಗಳೂರಿನ ಸ್ಟುಡಿಯೋದವರು ಗೋಡೆಗೆ ಸ್ಪಂಜು ಬಡಿಯುವುದೂ ಇದೇ ಕಾರಣಕ್ಕೆ. ಫ್ಯಾನು ಮಾತ್ರ ಬಂದ್ ಆಗಲೇಬೇಕು. ಮಾತು ನಿಂತ ಕೂಡಲೇ ಫೋನು ತಾನಾಗಿಯೇ ಕಿವಿ ಹಿಗ್ಗಿಸಿಕೊಳ್ಳುತ್ತದೆ. ಎರಡು ಮಾತಿನ ನಡುವೆ ಫ್ಯಾನಿನ ಗುಂಯ್ ಗುಂಯ್ ಉಬ್ಬಿ ಬರುತ್ತದೆ. ಈ ಗುಟ್ಟು ನನಗೂ ಗೊತ್ತಿರಲಿಲ್ಲ, ಹುಡುಗನೇ ಕಂಡುಹಿಡಿದ.

ಮತ್ತೊಂದು ಫಜೀತಿ: ಚಿತ್ರ ಅಪ್ಪನ ಫೋನಿನಲ್ಲಿ, ದನಿ ನನ್ನ ಫೋನಿನಲ್ಲಿ. ಜೋಡಿಸಿದರೆ ಬಾಯಿ ಮುಂದೆ, ಮಾತು ಹಿಂದೆ. “ಶುರುವಿಗೆ ಒಂದು ಚಪ್ಪಾಳಿ ಹೊಡಿ. ಕೈ ಕೂಡಿದ ಪಟಕ್ಕೂ ಟಪ್ ಅಂದ ಸಪ್ಪಳಕ್ಕೂ ಗಂಟು ಹಾಕು,” ಅಂದೆ. ಸಿನಿಮಾದವರು ಕ್ಲಾಪ್ ಹೊಡೆಯುವುದು ದೃಷ್ಟಿ ತೆಗೆಯುವುದಕ್ಕಲ್ಲ, ಇದಕ್ಕೆ. ಆದರೂ ಎರಡು ನಿಮಿಷ ಆಗುವಷ್ಟರಲ್ಲಿ ಮತ್ತೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಬೆಳಕು ಕಡಿಮೆಯಾದಾಗ ಫೋನು ಸೆಕೆಂಡಿಗೆ 30 ಪಟದ ಲೆಕ್ಕ ಬಿಟ್ಟು ಕಡಿಮೆ ತೆಗೆದುಬಿಡುತ್ತದೆ. ಅದಕ್ಕೆ ಮದ್ದು, ನಡುನಡುವೆ ಕತ್ತರಿಸಿ ಮತ್ತೆ ಕೂಡಿಸುವುದು.

ಈ ಲೆಕ್ಕದ ಮೇಲೆ ನಾವಿಬ್ಬರೂ ಬೇಲಿಗೆ ಒರಗಿ ಒಂದು ತಾಸು ಕಳೆದೆವು. ಕಣ್ಣಿಗೆ ಸೆಕೆಂಡಿಗೆ 30 ಪಟ ತೋರಿಸಿದರೆ ಸಾಕು, ಓಡುತ್ತಿದೆ ಅಂತ ನಂಬುತ್ತದೆ. ಸಿನಿಮಾಕ್ಕೆ 24 ಆದರೂ ಆದೀತು. ದನಿಗೆ? ಸೀಡಿಯಲ್ಲಿ ಸೆಕೆಂಡಿಗೆ 44,100 ಸಲ ಅಳೆದು ಇಡುತ್ತಾರೆ. “ಅಂದ್ರ ಕಣ್ಣು ಮಳ್ಳು ಅನ್ರಿ ಕಾಕಾ,” ಅಂದ ಹುಡುಗ. ನಮ್ಮ ಧಂದೆಗೆ ಇಂಥ ಮರ್ಯಾದೆ ಯಾರೂ ಕೊಟ್ಟಿರಲಿಲ್ಲ. ಒಳಗೆ ಹೋಗಿ ಅವನಿಗೆ ಒಂದು ಹಿಡಿ ಶೇಂಗಾ ತಂದುಕೊಟ್ಟೆ.

ಕಣ್ಣು ಮಳ್ಳು ಅನ್ನುವುದು ನನಗೆ ಮೊದಲೇ ಅನ್ನಿಸಿತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕಿತ್ತು ಹೋಯಿತಲ್ಲ, ಎಡದಂಡೆ ಕಾಲುವೆಯ ಕೊನೆಭಾಗದಲ್ಲಿರುವ ನಮಗೆ ಅದು ಹೊಟ್ಟೆಯ ವಿಷಯ. ವಿಡಿಯೋ ಫೋನಿಂದ ಫೋನಿಗೆ ಹಾರಿ ಬಂತು. ದನಿ ಬಂದ್ ಮಾಡಿ ನೋಡಿದರೆ ಜೋಗದ ಜಲಪಾತದಂತೆ ಛಂದ! ದನಿ ಬಿಟ್ಟ ಮೇಲೆ ಎದೆ ಝಲ್ಲೆಂದಿತು.

ಹುಡುಗನಿಗೆ ಹುರುಪು ಬರಲಿ ಅಂತ ಹಳೇ ಕತೆಯನ್ನೂ ಹೇಳಿದೆ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು. ‘ಆಕಾಶವಾಣಿ’ ಅನ್ನುವ ಹೆಸರು ದೇಶಕ್ಕೆ ಹಬ್ಬಿದ್ದು ಆ ಮನೆಯಿಂದ. “ಅವರೂ ಕೌದಿ ಹೊತಗಂಡಿದ್ರೇನ?” ಅಂದ. ಆ ಕಡೆ ಕೋಲಾರ ಸೀಮೆಯ ಬೂದಿಕೋಟೆಯ ಕತೆ ಅವನಿಗೆ ಇನ್ನೂ ಹಿಡಿಸಿತು. ಇಪ್ಪತ್ತು ವರ್ಷಕ್ಕೂ ಹಿಂದೆ ಅಲ್ಲಿಯ ಹಳ್ಳಿಯ ಜನ ‘ನಮ್ಮ ಧ್ವನಿ’ ಅಂತ ತಮ್ಮದೇ ಕಾರ್ಯಕ್ರಮ ಮಾಡುತ್ತಿದ್ದರು. ರೇಡಿಯೋ ಅಲೆಗಳು ಸಾರ್ವಜನಿಕರ ಸ್ವತ್ತು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಊರಿನ ಸಂಘಸಂಸ್ಥೆಗಳಿಗೆ ರೇಡಿಯೋ ಲೈಸೆನ್ಸಿನ ಬಾಗಿಲು ತೆರೆದದ್ದು ಮಾತ್ರ 2006ರ ಕೊನೆಗೆ. ಅಲ್ಲಿಯವರೆಗೆ ಬೂದಿಕೋಟೆಯವರು ಸುಮ್ಮನೆ ಕೂರಲಿಲ್ಲ. ಮೊದಲು ಹಾರನ್ ಕಟ್ಟಿ ಕೇಳಿಸಿದರು, ಆಮೇಲೆ ಟೀವಿಯ ಕೇಬಲ್ಲಿನೊಳಗೇ ದನಿ ಹರಿಸಿ ಮನೆಮನೆಗೆ ಮುಟ್ಟಿಸಿದರು.

ಇನ್ನು ರೇಷನ್ ಅಂಗಡಿಯ ಹೆಬ್ಬಟ್ಟು ಮಷಿನ್. ಇದು ಅಜ್ಜಿಯ ಅಧ್ಯಾಯ. ಮಷಿನ್ನಿನ ಬಗ್ಗೆ ಮಾತಾಡವ್ವಾ ಅಂದರೆ ಆಕೆ ಮೊದಲು ಸೆರಗು ಸರಿಮಾಡಿಕೊಂಡು, ನಡುವನ್ನು ನೆಟ್ಟಗೆ ಮಾಡಿ, ಫೋನಿನ ಕಡೆ ನೋಡುತ್ತಾ ಮೂಕಳಾಗಿಬಿಟ್ಟಳು. ಉದ್ಯೋಗ ಖಾತ್ರಿಯ ಕೆಲಸದಲ್ಲಿ ದಿನಕ್ಕೆ ಎರಡು ಸಲ ಫೋನಿನಲ್ಲಿ ಹಾಜರಿ ಫೋಟೋ ಹಿಡಿಯುವುದು 2023ರ ಜನವರಿ 1ರಿಂದ ಎಲ್ಲ ಕಡೆ ಕಡ್ಡಾಯವಾಯಿತಲ್ಲ, ಅಂದಿನಿಂದ ನಮ್ಮ ಹೆಣ್ಣುಮಕ್ಕಳಿಗೆ ಫೋನು ಎದುರಿಗೆ ಬಂದರೆ ಸಾಲು ನಿಂತು ಸುಮ್ಮನಾಗುವುದು ರೂಢಿ. ಹುಡುಗ ಜಾಣ. ಫೋನನ್ನು ಎಲೆಯಡಿಕೆ ಸಂಚಿಯ ಹಿಂದೆ ಇಟ್ಟ, “ಅವ್ವಾ, ಇದು ಫೋಟೋ ಅಲ್ಲ, ಬರೀ ದನಿ” ಅಂದ. ಆಗ ಮುದುಕಿಯ ಬಾಯಿ ಬಿಚ್ಚಿತು.

“ನಲವತ್ತು ವರ್ಸ ನೆಲ್ಲು ಹಚ್ಚೀನಿ, ಹತ್ತಿ ಬಿಡಿಸೀನಿ, ಕಲ್ಲು ಹೊತ್ತೀನಿ. ಗೆರಿ ಎಲ್ಲಿ ಉಳೀತಾವ? ಮಷಿನ್‌ಗೆ ಬಟ್ಟು ಇಟ್ರ ನೀ ನೀನಲ್ಲ ಅಂತೈತಿ. ಎಣ್ಣಿ ಒರಸ್ಕೊಂಡು ಇಡು ಅಂತಾರ, ನೀರು ಹಚ್ಚಿ ಇಡು ಅಂತಾರ. ಹತ್ತೂ ಬಟ್ಟು ಇಟ್ಟೆ. ಕಡೀಕ ಕಿರಿಬಟ್ಟು ಒಪ್ಪಿಗಂತು. ಅದು ಯಾ ಕೆಲ್ಸಾನೂ ಮಾಡಿಲ್ಲಲ್ಲ, ಅದಕ್ಕ ಅದರ ಗೆರಿ ಗಟ್ಟಿ!”

ಇಷ್ಟು ಹೇಳಿ ಕೆಮ್ಮಿ ಕೆಮ್ಮಿ ನಕ್ಕಳು. ಹಿಂದೆ ಎಲ್ಲೋ ಲಾರಿ ಹಾರನ್, ನಡುವೆ ಎಲೆಯಡಿಕೆ ಕುಟ್ಟಿದ ಟಕ್ ಟಕ್.

ಹುಡುಗನಿಗೆ ಚಿಂತೆ ಹತ್ತಿತು. ಸಾಲಿಯಲ್ಲಿ ‘ಶುದ್ಧ ಭಾಷೆ ಇರಲಿ, ಗದ್ದಲ ಇರಬಾರದು’ ಅಂದಿದ್ದಾರಂತೆ. ಅಜ್ಜಿಯ ಮಾತನ್ನು ಶುದ್ಧ ಮಾಡಿ ತಾನೇ ಕೌದಿಯೊಳಗೆ ಕೂತು ಓದಲೇ ಅಂತ ಕೇಳಿದ. ನನಗೆ ಸಿಟ್ಟು ಬಂತು. ಅಷ್ಟು ಶುದ್ಧ ಬೇಕಿದ್ದರೆ ಉಸಿರಿಲ್ಲದ ಆ ಹೆಣ್ಣುಮಗಳನ್ನೇ ಮತ್ತೆ ಕರೆತಾ ಅಂದೆ. ಕೆಮ್ಮು ಎರಡು ಕಡೆ ತೆಗೆಯೋಣ, ಮೂರನೆಯದು ಇರಲಿ ಅಂತ ರಾಜಿಯಾಯಿತು. ಲಾರಿ ಹಾರನ್ ತೆಗೆಯುವುದಕ್ಕೆ ಆಗಲೇ ಇಲ್ಲ. ಅದು ಮಾತಿನ ಮೇಲೇ ಕೂತಿತ್ತು. ಪೋತ್ನಾಳ ಅಂತ ಗೊತ್ತಾಗಬೇಕಲ್ಲ, ಇರಲಿ ಬಿಡು ಅಂದೆ.

ನಿನ್ನೆ ಸಂಜೆ ಎಲ್ಲ ಮುಗಿಯಿತು. ಪೆನ್‌ಡ್ರೈವಿಗೆ ಹಾಕುವ ಮೊದಲು ಒಮ್ಮೆ ಗಟ್ಟಿಯಾಗಿ ಕೇಳೋಣ ಅಂತ ಮಾಳಿಗೆಯ ಹಾರನ್ ಇಳಿಸಿದೆ, ಗುಬ್ಬಿಯಿಲ್ಲದ್ದನ್ನು. ಆಂಪ್ಲಿಫೈಯರಿನ ಧೂಳು ಒರೆಸಿ, ಫೋನಿನಿಂದ ವೈರು ಎಳೆದು ಸಿಗಿಸಿದೆ. ಕೂಯ್ ಅಂತ ಒಂದು ಸಲ ಕಿರುಚಿ ಸುಮ್ಮನಾಯಿತು. ಅಕ್ಕ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಬೇಲಿಗೆ ಬಂದಳು. ಅತ್ತಿತ್ತಲಿನ ನಾಲ್ಕು ಮನೆಯವರೂ ಹೊರಗೆ ಬಂದರು. ಗಡಿಗೆ ಠಣ್ ಅಂದಿತು, ಬೊದ್ ಅಂದಿತು. ಮಷಿನ್ ಬಂತು, ಡ್ರೈವರ್ ಮಾತಾಡಿದ. ಆಮೇಲೆ ಅಜ್ಜಿ.

ಕಟ್ಟೆಯ ಮೇಲಿದ್ದ ಅಜ್ಜಿಗೆ ತನ್ನ ದನಿಯ ಗುರುತು ಸಿಗಲಿಲ್ಲ. ಯಾರಿಗೂ ಸಿಗುವುದಿಲ್ಲ, ನಮ್ಮ ಮಾತು ನಮಗೆ ಗಾಳಿಯಿಂದಷ್ಟೇ ಅಲ್ಲ, ತಲೆಬುರುಡೆಯ ಎಲುಬಿನಿಂದಲೂ ಕೇಳಿಸುತ್ತದೆ, ಟೇಪಿನಲ್ಲಿ ಆ ಎಲುಬಿನ ಪಾಲು ಇರುವುದಿಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ಮೊಹರಂ ಪದ ಹಾಡುವ ಎಂಥೆಂಥ ಹಾಡುಗಾರರು ‘ಇದು ನನ್ನ ದನಿ ಅಲ್ಲ, ನಿನ್ನ ಟೇಪು ಕೆಟ್ಟೈತಿ’ ಅಂತ ನನ್ನ ಜೊತೆ ಜಗಳಾಡಿದ್ದಾರೆ! ಇದನ್ನೆಲ್ಲ ಮುದುಕಿಗೆ ವಿವರಿಸಲು ಬಾಯಿ ತೆರೆದೆ. ಆಕೆ ಕೈ ಮಾಡಿ ತಡೆದಳು. ಕಿರುಬೆರಳಿನ ಮಾತು ಬಂತು, ಕೆಮ್ಮು ಬಂತು, ಲಾರಿ ಹಾರನ್ ಬಂತು.

“ಯಾರಪ ಈಕಿ? ಭಾಳ ಖರೆ ಮಾತಾಡ್ತಾಳ,” ಅಂದಳು. ಸ್ವಲ್ಪ ತಡೆದು, “ಈಕಿ ಉಸುರು ತಗಂತಾಳ ನೋಡು. ಇನ್ನೊಮ್ಮಿ ಹಚ್ಚು.”