ನರವಾಹನ ಮೀಮಾಂಸೆ

ಅಮೆರಿಕದ ಮಿನ್ನೆಸೋಟಾ ರಾಜ್ಯದ ಈಶಾನ್ಯ ಮೂಲೆಯಲ್ಲಿ, ಕೆನಡಾದ ಗಡಿಗೆ ಅಂಟಿಕೊಂಡಂತೆ, ಬೌಂಡರಿ ವಾಟರ್ಸ್ ಎಂಬ ಕಾಡಿದೆ. ವಿಸ್ತಾರ ಹತ್ತು ಲಕ್ಷ ಎಕರೆಗೂ ಮೇಲೆ, ಒಳಗಿರುವ ಸರೋವರಗಳು ಸಾವಿರಕ್ಕೂ ಮೇಲೆ, ರಸ್ತೆಗಳು ಇಲ್ಲವೆಂದರೂ ತಪ್ಪಿಲ್ಲ. ಗಡಿಯಾಚೆಗೆ ಒಂಟಾರಿಯೋ ಪ್ರಾಂತ್ಯದ ಕ್ವೆಟಿಕೋ ಉದ್ಯಾನ. ಅದು 1913ರಿಂದ ಇದೆ. ಸರೋವರಗಳ ಮೇಲಿನ ಮಂಜುಗಡ್ಡೆ ಕರಗಿತೋ ಇಲ್ಲವೋ, ಜನ ಕನೂ ಎಂಬ ಸಪೂರ ದೋಣಿ, ಗುಡಾರ, ವಾರಕ್ಕಾಗುವಷ್ಟು ದಿನಸಿ ಕಟ್ಟಿಕೊಂಡು ಈ ಸೀಮೆಗೆ ಬಂದಿಳಿಯುತ್ತಾರೆ. ಇವರು ದೋಣಿಯಲ್ಲಿ ಪ್ರವಾಸ ಹೋಗುತ್ತಾರೆಂದು ಲೋಕ ನಂಬಿದೆ. ಅವರೂ ಹಾಗೆಯೇ ನಂಬಿದ್ದಾರೆ. ಈ ನಂಬಿಕೆ ತಲೆಕೆಳಗು ಎಂಬುದೇ ನಮ್ಮ ಪ್ರತಿಜ್ಞಾವಾಕ್ಯ. ಪ್ರವಾಸ ಹೋಗುವುದು ದೋಣಿ. ಗಣಪತಿಗೆ ಇಲಿ, ಸುಬ್ರಹ್ಮಣ್ಯನಿಗೆ ನವಿಲು ಹೇಗೋ ಹಾಗೆ ದೋಣಿಗೆ ಮನುಷ್ಯ. ಇದನ್ನು ಪ್ರತ್ಯಕ್ಷ, ಅನುಮಾನ, ಅರ್ಥಾಪತ್ತಿಗಳಿಂದ ಸಾಧಿಸಿ, ನಡುನಡುವೆ ಪೂರ್ವಪಕ್ಷದವರಿಗೂ ಬಾಯಿ ತೆರೆಯಲು ಅವಕಾಶ ಕೊಡುತ್ತೇವೆ.

ಮೊದಲು ಪ್ರತ್ಯಕ್ಷ. ಹಿಮಯುಗದ ನೀರ್ಗಲ್ಲಿನ ಹಾಸು ಇಲ್ಲಿನ ಮಣ್ಣನ್ನು ಕೆರೆದು, ಬಂಡೆಯನ್ನು ತೋಡಿ, ಸುಮಾರು 10,000 ವರ್ಷಗಳ ಹಿಂದೆ ಕರಗಿಹೋಯಿತು. ತೋಡಿದ ಗುಂಡಿಗಳಲ್ಲಿ ನೀರು ನಿಂತು ಸರೋವರಗಳಾದವು. ಒಂದು ಸರೋವರಕ್ಕೂ ಮುಂದಿನದಕ್ಕೂ ನಡುವೆ ದೋಣಿ ತೇಲಲಾರದಷ್ಟು, ಆದರೆ ಮನುಷ್ಯ ಆಸೆ ಬಿಡಲಾರದಷ್ಟೇ ನೆಲ ಉಳಿಯಿತು. ಈ ನೆಲದ ತುಂಡಿಗೆ ಪೋರ್ಟೇಜ್ ಎನ್ನುತ್ತಾರೆ. ಅಲ್ಲಿಗೆ ಬಂದ ಕೂಡಲೇ ಮನುಷ್ಯ ದೋಣಿಯನ್ನು ಬೋರಲು ಮಾಡಿ ಹೆಗಲಿಗೇರಿಸಿಕೊಂಡು, ಬೇರು, ಬಂಡೆ, ಕೆಸರು ತುಳಿಯುತ್ತ ಮುಂದಿನ ನೀರಿನವರೆಗೆ ನಡೆಯುತ್ತಾನೆ. ದೋಣಿಯ ನಟ್ಟನಡುವೆ ಅಡ್ಡಲಾಗಿ ಒಂದು ಮರದ ಪಟ್ಟಿಯಿದೆ. ಹತ್ತಿರ ಹೋಗಿ ನೋಡಿದರೆ ಅದನ್ನು ಕುತ್ತಿಗೆ ಕೂರುವಷ್ಟು ಬಾಗಿಸಿ ಕೆತ್ತಿದ್ದಾರೆ. ಎರಡೂ ಪಕ್ಕ ಹೆಗಲಿಗೆ ಮೆತ್ತೆ. ಕೂರುವ ಆಸನಗಳು ಎರಡು ತುದಿಗೆ ಸರಿದಿವೆ, ನಡುವಿನ ಉತ್ತಮ ಸ್ಥಾನ ನೊಗಕ್ಕೆ ಮೀಸಲು. ನೊಗವನ್ನು ಯಾರ ಕುತ್ತಿಗೆಗೆ ಹೂಡುತ್ತಾರೆಂದು ನಮ್ಮ ಓದುಗರಿಗೆ ವಿವರಿಸಬೇಕಿಲ್ಲ. ಹೊತ್ತವನಿಗೆ ಕಾಣುವುದಾದರೂ ಏನು? ತಲೆ ದೋಣಿಯ ಹೊಟ್ಟೆಯೊಳಗೆ. ಕಣ್ಣ ಮುಂದೆ ತನ್ನದೇ ಬೂಟಿನ ಮೂತಿ, ಅದರಾಚೆ ನಾಲ್ಕು ಹೆಜ್ಜೆ ಕೆಸರು. ವನಸಿರಿಯ ದರ್ಶನಕ್ಕೆಂದು ಬಂದವನಿಗೆ ಬೂಟಿನ ದರ್ಶನ. ಬಿಸಿಲು, ಗಾಳಿ, ಪೈನ್ ಮರಗಳ ನೆರಳು ಎಲ್ಲವೂ ದೋಣಿಯ ಬೆನ್ನಿಗೆ.

ಅನುಮಾನಕ್ಕೆ ಸರ್ಕಾರಿ ನಿಯಮಗಳಿಗಿಂತ ಒಳ್ಳೆಯ ಸಾಮಗ್ರಿ ಸಿಗದು. ಮನುಷ್ಯ ಚಕ್ರ ಕಂಡುಹಿಡಿದು ಐದು ಸಾವಿರ ವರ್ಷ ದಾಟಿದೆ. ಆದರೂ ಬೌಂಡರಿ ವಾಟರ್ಸ್‌ನಲ್ಲಿ ಬೆರಳೆಣಿಕೆಯ ಪೋರ್ಟೇಜ್‌ಗಳನ್ನು ಬಿಟ್ಟರೆ ದೋಣಿಗೆ ಚಕ್ರ ಕಟ್ಟಿ ಎಳೆಯುವುದು ನಿಷಿದ್ಧ. 1978ರ ಕಾಯಿದೆ ಹೆಚ್ಚಿನ ಸರೋವರಗಳಿಂದ ಮೋಟಾರನ್ನು ಹೊರಹಾಕಿತು. ಅದಕ್ಕೂ ಹಿಂದೆ, ನೀರಿನ ಮೇಲಿಳಿಯುವ ಪುಟ್ಟ ವಿಮಾನಗಳು ಮೀನು ಹಿಡಿಯುವ ಶೋಕಿಯವರನ್ನು ನೇರ ಒಳಗಿನ ಸರೋವರಗಳಿಗೆ ತಂದು ಬಿಡುತ್ತಿದ್ದವು. 1949ರಲ್ಲಿ ಅಧ್ಯಕ್ಷ ಟ್ರೂಮನ್, ಸಮುದ್ರಮಟ್ಟದಿಂದ 4,000 ಅಡಿಗಿಂತ ಕೆಳಗೆ ಈ ಕಾಡಿನ ಮೇಲೆ ವಿಮಾನ ಹಾರಕೂಡದೆಂದು ಆಜ್ಞೆ ಹೊರಡಿಸಿ ಅದಕ್ಕೂ ತೆರೆ ಎಳೆದರು. ಕಾಡಿನ ನಿಶ್ಶಬ್ದ ಉಳಿಯಲೆಂಬುದು ಅಧಿಕೃತ ಕಾರಣ. ಅದರ ಬಗ್ಗೆ ನಮಗೆ ಗೌರವವಿದೆ. ಆದರೆ ಮೀಮಾಂಸಕ ನೋಡಬೇಕಾದ್ದು ಫಲವನ್ನು. ಮನುಷ್ಯನ ಹೆಗಲಿಗೆ ಬದಲಿಯಾಗಬಹುದಾಗಿದ್ದ ಮೂರೂ ಸಾಧನಗಳು ಹೊರಗೆ, ಹೆಗಲೊಂದೇ ಒಳಗೆ. ಇನ್ನೊಂದು ನಿಯಮ: ತಂಡವೊಂದರಲ್ಲಿ ಹೆಚ್ಚೆಂದರೆ 9 ಜನ, 4 ದೋಣಿ. ದೋಣಿಗೆ ಇಬ್ಬರಂತೆ ಎಂಟಾಯಿತು, ಒಂಬತ್ತನೆಯವನು ಏಕೆ? ಅವನಿಗೆ ಸರಿಯಾದ ಆಸನವೂ ಇಲ್ಲ, ಮೂಟೆಗಳ ನಡುವೆ ಮಂಡಿ ಮಡಚಿ ಕೂರಬೇಕು. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆಂದೇ ತಿಳಿಯಬೇಕೆಂದು ಹಿಂದಿನ ಪಂಡಿತರು ಹೇಳಿದರಲ್ಲ, ಅದೇ ಅರ್ಥಾಪತ್ತಿಯಿಂದ ಒಂಬತ್ತನೆಯವನು ಬದಲಿ ಹೆಗಲೆಂದೇ ತಿಳಿಯಬೇಕು. ಅಳತೆಯ ವಿಷಯವೂ ಇದೆ. ಇಲ್ಲಿನ ನಕ್ಷೆಗಳಲ್ಲಿ ಪೋರ್ಟೇಜಿನ ಉದ್ದ ರಾಡ್ ಎಂಬ ಹಳೆಯ ಮಾನದಲ್ಲಿರುತ್ತದೆ: ಒಂದು ರಾಡ್ ಅಂದರೆ 16.5 ಅಡಿ, 320 ರಾಡ್‌ಗೆ ಒಂದು ಮೈಲಿ. ದೋಣಿಯ ಉದ್ದವೂ ಹೆಚ್ಚುಕಡಿಮೆ ಒಂದು ರಾಡೇ. ಯಾರ ಮೈಯಳತೆಯಲ್ಲಿ ನೆಲ ಅಳೆಯುತ್ತಾರೋ ನೆಲ ಅವರದು. ಕೆನಡಾದವರು ಮೀಟರಿನಲ್ಲಿ ಅಳೆಯುತ್ತಾರಲ್ಲ ಎಂದರೆ, ಅಳೆಯಲಿ. ಅದರಿಂದ ಯಾರ ಹೆಗಲೂ ಹಗುರಾದಂತಿಲ್ಲ.

ಪೂರ್ವಪಕ್ಷದ ದೊಡ್ಡ ವಾದ ನೀರಿನ ಮೇಲಿನದು. ದಿನದ ಬಹುಪಾಲು ಮನುಷ್ಯ ದೋಣಿಯೊಳಗೆ ಕೂತಿರುತ್ತಾನೆ, ಹೊರುವುದು ಸ್ವಲ್ಪ ಹೊತ್ತು ಮಾತ್ರ, ಹಾಗಾಗಿ ದೋಣಿಯೇ ವಾಹನವೆಂದು ಅವರು ಹೇಳುತ್ತಾರೆ. ಒಳಗೆ ಕೂತವರೆಲ್ಲ ಪ್ರಯಾಣಿಕರಲ್ಲ. ಬಸ್ಸಿನ ಎಂಜಿನ್ನೂ ಬಸ್ಸಿನೊಳಗೇ ಇರುತ್ತದೆ. ಎದುರುಗಾಳಿ ಬೀಸುವಾಗ ಬೆಳಗಿನಿಂದ ಸಂಜೆವರೆಗೆ ಹುಟ್ಟು ಹಾಕುವವನನ್ನು ಪ್ರಯಾಣಿಕನೆಂದು ಕರೆಯಲು ನ್ಯಾಯಶಾಸ್ತ್ರ ಒಪ್ಪದು. ದಡ ಸಿಕ್ಕಾಗಲಾದರೂ ಸುಖವುಂಟೆ? ದೋಣಿಯನ್ನು ಬಂಡೆಗೆ ತಾಗಿಸಬಾರದು, ದಡಕ್ಕೆ ಎಳೆಯಬಾರದು, ಮೊಣಕಾಲುದ್ದದ ತಣ್ಣೀರಿಗೆ ನೀವೇ ಇಳಿದು, ತೇಲುತ್ತಿರುವಾಗಲೇ ಸಾಮಾನು ತೆಗೆದು, ಮೆಲ್ಲಗೆ ಎತ್ತಬೇಕು ಎಂದು ದೋಣಿ ಬಾಡಿಗೆ ಕೊಡುವವರು ಹೊರಡುವ ಮುನ್ನವೇ ತಾಕೀತು ಮಾಡುತ್ತಾರೆ. ದೋಣಿಯ ತಳಕ್ಕೆ ಗೀರು ಬಿದ್ದರೆ ದಂಡ. ಅದೇ ಬಂಡೆಗೆ ಮನುಷ್ಯನ ಮೊಣಕಾಲು ತರಚಿದರೆ ಯಾರೂ ಲೆಕ್ಕಕ್ಕಿಡುವುದಿಲ್ಲ. ಸಾಮಾನು ಹೆಚ್ಚಿದ್ದು ಎರಡು ಸಲ ಹೊರುವವನು ಒಂದು ಮೈಲಿಯ ದಾರಿಯನ್ನು ಮೂರು ಸಲ ನಡೆಯಬೇಕು: ಹೊತ್ತು ಒಮ್ಮೆ, ಬರಿಗೈಲಿ ಹಿಂದಕ್ಕೊಮ್ಮೆ, ಮತ್ತೆ ಹೊತ್ತು ಒಮ್ಮೆ. ದೋಣಿ ಮಾತ್ರ ಒಂದೇ ಸಲ ಹೋಗುತ್ತದೆ.

ಇದೆಲ್ಲ ಹೊಸ ಕಾಲದ ಶೋಕಿ, ಹಿಂದೆ ಹೊರುವುದಕ್ಕೆ ಆರ್ಥಿಕ ಕಾರಣವಿತ್ತು ಎಂಬುದು ಇತಿಹಾಸಕಾರರ ಆಕ್ಷೇಪ. ಹದಿನೆಂಟನೇ ಶತಮಾನದ ಕೊನೆಯಲ್ಲಿ ನಾರ್ತ್ ವೆಸ್ಟ್ ಕಂಪನಿಯ ತುಪ್ಪಳದ ವ್ಯಾಪಾರ ಇದೇ ಜಲಮಾರ್ಗದಲ್ಲಿ ನಡೆಯುತ್ತಿತ್ತು. ವೊಯಾಜರ್ ಎಂದು ಹೆಸರಾದ ಫ್ರೆಂಚ್ ಕೆನಡಿಯನ್ ಹುಟ್ಟುಗಾರರು ತಲಾ 90 ಪೌಂಡಿನ ಎರಡು ಮೂಟೆಗಳನ್ನು, ಅಂದರೆ 80 ಕಿಲೋಗೂ ಮಿಕ್ಕಿದ ಭಾರವನ್ನು, ಹಣೆಗೆ ತೊಗಲಿನ ಪಟ್ಟಿ ಕೊಟ್ಟು ಬೆನ್ನ ಮೇಲೆ ಹೊರುತ್ತಿದ್ದರು. ಬರ್ಚ್ ತೊಗಟೆಯ ದೋಣಿ ಬಂಡೆಗೆ ತಾಗಿದರೆ ಹರಿಯುತ್ತದೆಂದು ಅವರೂ ನೀರಿಗೇ ಇಳಿಯುತ್ತಿದ್ದರು. ಬಿಡಾರದಲ್ಲಿ ಮರದ ಅಂಟು ಕಾಯಿಸಿ ಅದರ ಸಂದುಗಳಿಗೆ ಬಳಿಯುತ್ತಿದ್ದರು. ಅಭ್ಯಂಗವೆನ್ನದೆ ಇದನ್ನು ಬೇರೇನೆನ್ನಬೇಕು? ಸುಪೀರಿಯರ್ ಸರೋವರದ ದಂಡೆಯ ಗ್ರ್ಯಾಂಡ್ ಪೋರ್ಟೇಜ್ ಎಂಟೂವರೆ ಮೈಲಿ. ಅಲ್ಲಿ ದೊಡ್ಡ ದೋಣಿಗಳು ಈ ತುದಿಯಲ್ಲೇ ಉಳಿಯುತ್ತಿದ್ದವು, ಚಿಕ್ಕವು ಆ ತುದಿಯಲ್ಲಿ ಕಾಯುತ್ತಿದ್ದವು, ಹಾಗಾಗಿ ಅತಿ ದೊಡ್ಡ ಪೋರ್ಟೇಜಿನಲ್ಲೇ ದೋಣಿ ಸವಾರಿ ಮಾಡಲಿಲ್ಲವೆಂದು ಒಬ್ಬ ಸೂಕ್ಷ್ಮಮತಿ ಎದ್ದು ನಿಲ್ಲಬಹುದು. ಒಡೆಯ ಕೂತಲ್ಲಿಂದ ಏಳದೆ ಆಳುಗಳೇ ಸಾಮಾನು ಸಾಗಿಸಿದ್ದರಿಂದ ಒಡೆತನ ಕಡಿಮೆಯಾಯಿತೆಂಬ ಈ ತರ್ಕ ನಮಗೆ ರುಚಿಸಲಿಲ್ಲ. ಇನ್ನು ಆರ್ಥಿಕ ಕಾರಣ. ಬೀವರ್ ತುಪ್ಪಳದಿಂದ ಯೂರೋಪಿನವರ ಟೋಪಿಗಳಾಗುತ್ತಿದ್ದವು. 1840ರ ಹೊತ್ತಿಗೆ ರೇಷ್ಮೆ ಟೋಪಿ ಬಂದು ಬೀವರ್ ಟೋಪಿಯ ಕಾಲ ಮುಗಿಯಿತು. ಕಾರಣ ಹೋದರೆ ಕಾರ್ಯವೂ ಹೋಗಬೇಕು. ಹೋಯಿತೆ? ಟೋಪಿ ಹೋಯಿತು, ಕಂಪನಿ ಹೋಯಿತು, ಹೊರುವುದು ಹಾಗೇ ಉಳಿಯಿತು; ಅದೂ ಸಂಬಳವಿಲ್ಲದೆ. ಹಾಗಾದ ಮೇಲೆ ಬೀವರ್ ಬರೀ ನೆಪ.

ನಮ್ಮ ಸಿದ್ಧಾಂತಕ್ಕೆ ಒಂದು ಅಪವಾದವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ತೊಗಟೆಯ ದೋಣಿಯನ್ನು ಕಟ್ಟಿ ಬಳಸಿದ ಇಲ್ಲಿನ ಅನಿಶಿನಾಬೆ ಜನ ಎಂದೂ ಅದರ ವಾಹನವಾಗಲಿಲ್ಲ. ಸೀಡರ್ ಮರದ ಪಕ್ಕೆಲುಬು, ಸ್ಪ್ರೂಸ್ ಬೇರಿನ ಹೊಲಿಗೆ, ಮೇಲೊಂದು ತೊಗಟೆ. ಸುಲಭವಾಗಿ ಹೊರುವಂತೆ ಹಗುರವಾಗಿ ಕಟ್ಟಿದರು. ಮೀನಿಗೆ, ಸರೋವರದಲ್ಲಿ ತಾನಾಗಿ ಬೆಳೆಯುವ ಕಾಡುಭತ್ತದ ಕೊಯ್ಲಿಗೆ, ನೆಂಟರ ಬಿಡಾರಕ್ಕೆ ಹೋಗಲು ಅದು ಬೇಕಿತ್ತು. ಅಲ್ಲಿ ಕೆಲಸ ಮನುಷ್ಯನದು, ದೋಣಿ ಅದಕ್ಕೆ ಒದಗಿತು. ಕೆಲಸವಿಲ್ಲದೆ ಹೊರುವವನಿಗೆ ಮಾತ್ರ ನಮ್ಮ ಸಿದ್ಧಾಂತ ಅನ್ವಯ.

ವಿಜ್ಞಾನ ಭಾರ ಇಳಿಸಿದೆಯಲ್ಲ ಎನ್ನುವವರಿಗೂ ಉತ್ತರವಿದೆ. ಯುದ್ಧವಿಮಾನ ತಯಾರಿಸುತ್ತಿದ್ದ ಗ್ರಮನ್ ಕಂಪನಿ 1945ರಲ್ಲಿ ಅಲ್ಯೂಮಿನಿಯಂ ದೋಣಿಗೆ ಕೈಹಾಕಿತು. 17 ಅಡಿಯದು 34 ಕಿಲೋ ಆಸುಪಾಸು ತೂಗುತ್ತಿತ್ತು. ಈಗಿನ ಕೆವ್ಲಾರ್ ದೋಣಿ 20 ಕಿಲೋ ಇದ್ದರೆ ಹೆಚ್ಚು. ಉಳಿದ 14 ಕಿಲೋ ಎಲ್ಲಿ ಹೋಯಿತೆಂದು ಬೆನ್ನಚೀಲ ಬಿಚ್ಚಿ ನೋಡಬೇಕು: ಮಡಚುವ ಕುರ್ಚಿ, ಗಾಳಿ ತುಂಬುವ ಹಾಸಿಗೆ, ಕರಡಿ ಮುಟ್ಟದಂತೆ ಅನ್ನ ಕಾಯುವ ಗಟ್ಟಿ ಡಬ್ಬ. ಆದರೂ ಇದೆಲ್ಲ ಸುಖಕ್ಕಾಗಿ, ಸುಖಪಡುವವನು ವಾಹನ ಹೇಗಾದಾನು ಎಂಬ ಕೊನೆಯ ಅಸ್ತ್ರ ಪೂರ್ವಪಕ್ಷದ ಬಳಿ ಉಳಿದಿದೆ. ಸುಖವನ್ನು ಜೂನ್ ತಿಂಗಳಲ್ಲಿ ಪರೀಕ್ಷಿಸಬೇಕು. ಆಗ ಕಪ್ಪು ನೊಣಕ್ಕೂ ಸೊಳ್ಳೆಗೂ ಸುಗ್ಗಿ. ಬೋರಲು ದೋಣಿಯ ಒಳಗೆ ಗಾಳಿಯಾಡುವುದಿಲ್ಲ, ಎರಡೂ ಕೈ ದೋಣಿಯ ಅಂಚಿನಲ್ಲಿ. ಮೂಗಿನ ಮೇಲೊಂದು ಸೊಳ್ಳೆ ನಿಧಾನವಾಗಿ ಜಾಗ ಆರಿಸಿ, ಕಾಲೂರಿ, ಕೊಳವೆ ಇಳಿಸಿ, ಹೊಟ್ಟೆ ಕೆಂಪಾಗುವವರೆಗೆ ಕೂತಿದ್ದು ಏಳುತ್ತದೆ. ಹೊತ್ತವನು ಮಾಡಬಹುದಾದ್ದು ಮೇಲಕ್ಕೆ ಉಫ್ ಎಂದು ಊದುವುದು. ಎತ್ತಿಗಾದರೂ ಬಾಲವಿದೆ. ಇಷ್ಟಕ್ಕೆ ಮೊದಲೇ ಪರವಾನಗಿ ಕಾದಿರಿಸಿ, ತಲೆಗಿಷ್ಟೆಂದು ಶುಲ್ಕವನ್ನೂ ಕಟ್ಟಿರುತ್ತಾನೆ. ಸವಾರಿಗೆ ತಾನೇ ಹಣ ಕೊಟ್ಟ ವಾಹನ ಪುರಾಣಗಳಲ್ಲಿ ನಮಗೆ ಸಿಗಲಿಲ್ಲ, ಮನುಷ್ಯನನ್ನೇ ಏರಿದ ದೇವತೆ ಮಾತ್ರ ಸಿಕ್ಕಿದ್ದಾನೆ: ಅಷ್ಟದಿಕ್ಪಾಲಕರಲ್ಲಿ ಕುಬೇರ ನರವಾಹನ. ಕೆಲವು ಶಿಲ್ಪಿಗಳು ಮರುಕದಿಂದಲೋ ಏನೋ ಅವನಿಗೆ ಕುದುರೆ ಕೊಟ್ಟಿದ್ದಾರೆ. ಅವನು ಕಾಯುವ ದಿಕ್ಕು ಉತ್ತರವೆಂಬುದನ್ನು ನಾವು ಕಾಕತಾಳೀಯವೆಂದು ತಳ್ಳಿಹಾಕಲಾರೆವು.

ದೋಣಿಯೇ ಇಲ್ಲದೆ ಬಾರ್ಡರ್ ರೂಟ್ ಟ್ರೇಲ್ ಎಂಬ ಇಲ್ಲಿನ ಕಾಲುದಾರಿಯಲ್ಲಿ ಮೂಟೆ ಹೊತ್ತು ದಿನಗಟ್ಟಲೆ ನಡೆಯುವವರ ಗತಿಯೇನು ಎಂದರೆ, ಅವರನ್ನು ಸವಾರ ಸಿಗದೆ ಖಾಲಿ ಓಡುತ್ತಿರುವ ವಾಹನಗಳೆಂದು ವರ್ಗೀಕರಿಸಿದ್ದೇವೆ. ಕಾಡು ಬಿಟ್ಟ ಮೇಲೆ ಸಂಬಂಧ ಮುಗಿಯಿತಲ್ಲ ಎನ್ನುವವರು ಈಲಿ ಪಟ್ಟಣದಿಂದ ದಕ್ಷಿಣಕ್ಕೆ ಹೋಗುವ ಹೆದ್ದಾರಿಯ ಪಕ್ಕ ಒಂದು ಭಾನುವಾರ ಸಂಜೆ ನಿಲ್ಲಬೇಕು. ಸಾಲುಗಟ್ಟಿ ಕಾರುಗಳು ಬರುತ್ತವೆ. ಕಾರಿನ ನೆತ್ತಿಯ ಮೇಲೆ ದೋಣಿ, ಕೆಳಗೆ ಒದ್ದೆ ಕಾಲುಚೀಲದ ವಾಸನೆಯಲ್ಲಿ ಮನುಷ್ಯರು. ಸೇತುವೆ ಬಂದಾಗ, ಗಾಳಿ ಜೋರಾದಾಗ, ಚಾಲಕ ತಲೆ ಬಗ್ಗಿಸಿ ಕಣ್ಣೆತ್ತಿ ಹಗ್ಗ ಸಡಿಲಾಯಿತೇ ಎಂದು ಮೇಲಕ್ಕೆ ನೋಡುತ್ತಾನೆ. ಹಿಂದಿನ ಸೀಟಿನವರು ಸೀಟ್ ಬೆಲ್ಟ್ ಹಾಕಿದ್ದಾರೆಯೇ ಎಂದು ಅಷ್ಟು ಸಲ ನೋಡಿದ್ದು ನಮ್ಮ ಸಂಶೋಧನೆಗೆ ಸಿಕ್ಕಿಲ್ಲ.